ಬಿಳಿ ಕೋಣೆಯಲ್ಲಿ ಕುರ್ಚಿಯಿಲ್ಲ: ‘ಡಾಕ್ಟರ್ ಹೂ’ ಹೊಸ ರೂಪದ ಬಗ್ಗೆ ಒಬ್ಬ ಅಭಿಮಾನಿಯ ತಕರಾರು

ಸಭಿಕರೆಲ್ಲರಿಗೂ ನಮಸ್ಕಾರ.

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು. 1989ರಲ್ಲಿ ನಿಂತುಹೋದ ಅದು, ನಡುವೆ 1996ರ ಒಂದು ಟಿವಿ ಚಿತ್ರವನ್ನು ಬಿಟ್ಟರೆ, 2005ರವರೆಗೆ ತೆರೆಗೆ ಮರಳಲಿಲ್ಲ. ಅರವತ್ತು ವರ್ಷ ತುಂಬಿದ ಸಂದರ್ಭಕ್ಕೆಂದು ತಯಾರಾದ ವಿಶೇಷ ಕಂತುಗಳಲ್ಲಿ ಮೊದಲನೆಯದು 2023ರ ನವೆಂಬರ್ 25ರಂದು ಬಂದಾಗ, ಅದರ ಕೊನೆಯ ಭಾಗದಲ್ಲಿ ಕಥಾನಾಯಕನ ಕಾಲಯಂತ್ರ ಟಾರ್ಡಿಸ್‌ನ ಬಾಗಿಲು ತೆರೆದು, ಒಳಗಿನ ಹೊಸ ಕೋಣೆ ಮೊದಲ ಬಾರಿಗೆ ಕಾಣಿಸಿತು. ನನ್ನ ಇಂದಿನ ಮಾತೆಲ್ಲ ಆ ಕೋಣೆಯ ಸುತ್ತಲೇ ಇರುತ್ತದೆ. ಲೋಗೊ ಕೂಡ ಬದಲಾಯಿತು, ಎಪ್ಪತ್ತರ ದಶಕದ ವಜ್ರಾಕಾರದ ಲೋಗೊ ಹೊಸ ಮೆರುಗಿನೊಂದಿಗೆ ಹಿಂತಿರುಗಿತು. ಅದು ಚೆನ್ನಾಗಿದೆ, ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಧಾರಾವಾಹಿಯ ಪರಿಚಯವಿಲ್ಲದವರಿಗೆ ಎರಡು ಮಾತು. ಕಥೆಯ ಕೇಂದ್ರದಲ್ಲಿರುವ ಡಾಕ್ಟರ್ ಬೇರೊಂದು ಗ್ರಹದ ಯಾತ್ರಿಕ. ಅವನ ಕಾಲಯಂತ್ರವಾದ ಟಾರ್ಡಿಸ್ ಹೊರಗಿನಿಂದ ನೋಡಿದರೆ ಲಂಡನ್ನಿನ ಬೀದಿಗಳಲ್ಲಿ ಹಿಂದೆ ಇರುತ್ತಿದ್ದ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಅಳತೆಗೆ ಸಿಗದಷ್ಟು ದೊಡ್ಡದು. ಸಾಯುವ ಹಂತ ತಲುಪಿದಾಗ ಡಾಕ್ಟರ್ ಹೊಸ ದೇಹ ತಳೆದು ಬದುಕುತ್ತಾನೆ. 1966ರಲ್ಲಿ ವಿಲಿಯಂ ಹಾರ್ಟ್‌ನೆಲ್ ಅವರ ಜಾಗಕ್ಕೆ ಪ್ಯಾಟ್ರಿಕ್ ಟ್ರೌಟನ್ ಬಂದಾಗ ಹುಟ್ಟಿದ ಈ ಉಪಾಯವೇ ಧಾರಾವಾಹಿಯನ್ನು ಇಷ್ಟು ಕಾಲ ಉಳಿಸಿಕೊಂಡು ಬಂದಿದೆ. 2017ರಲ್ಲಿ ಜೋಡಿ ವಿಟೇಕರ್ ಆ ಪಾತ್ರ ವಹಿಸಿದ ಮೊದಲ ಮಹಿಳೆಯಾದದ್ದೂ ಇದರಿಂದಲೇ. ಹಾಗಾಗಿ ಈ ಧಾರಾವಾಹಿಯ ಅಭಿಮಾನಿಯಾದವನು ‘ಏನೂ ಬದಲಾಗಬಾರದು’ ಎಂದು ಹಟ ಹಿಡಿದರೆ ಆ ಹಟಕ್ಕೆ ಬುಡವೇ ಇಲ್ಲ. ಅಭಿಮಾನಿಗಳ ಈ ಸ್ವಭಾವವನ್ನು ಧಾರಾವಾಹಿಯೇ ಗೇಲಿ ಮಾಡಿದೆ. ಹತ್ತನೇ ವರ್ಷದ ನೆನಪಿಗೆಂದು ಬಂದ ಕಥೆಯಲ್ಲಿ ಟ್ರೌಟನ್ ಅವರ ಡಾಕ್ಟರ್, ತನ್ನ ಮುಂದಿನ ಅವತಾರದ ಟಾರ್ಡಿಸ್ ಒಳಗೆ ಕಾಲಿಟ್ಟು ಸುತ್ತ ಕಣ್ಣಾಡಿಸಿ, ಏನೋ ಅಲಂಕಾರ ಮಾಡಿಸಿದ್ದೀಯ, ನನಗೆ ಹಿಡಿಸಲಿಲ್ಲ ಎಂದುಬಿಡುತ್ತಾನೆ. 2013ರ ಐವತ್ತನೇ ವರ್ಷದ ಕಥೆಯಲ್ಲಿ ಡೇವಿಡ್ ಟೆನಂಟ್ ಅವರ ಡಾಕ್ಟರ್ ಬಾಯಲ್ಲೂ ಅದೇ ಮಾತು ಬರುತ್ತದೆ.

ಹಿಡಿಸಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾಕೆ ಹಿಡಿಸಲಿಲ್ಲ ಎಂಬುದನ್ನು ಹೇಳುವ ಹೊಣೆ ಅಭಿಮಾನಿಗಿದೆ ಎಂದು ನಂಬಿದವನು ನಾನು. ಅದಕ್ಕೆ ಮೊದಲ ಕೋಣೆಯಿಂದಲೇ ಆರಂಭಿಸಬೇಕು.

1963ರ ಆ ಕೋಣೆಯನ್ನು ರೂಪಿಸಿದವರು ಪೀಟರ್ ಬ್ರಾಚಾಕಿ. ನಡುವೆ ಆರು ಮುಖಗಳ ನಿಯಂತ್ರಣ ಮೇಜು, ಅದರ ಮಧ್ಯದಲ್ಲಿ ಏರಿಳಿಯುವ ಗಾಜಿನ ಕಂಬ, ಗೋಡೆಯ ಮೇಲೆಲ್ಲ ಸಾಲುಸಾಲಾಗಿ ದುಂಡನೆಯ ಗೂಡುಗಳು. ಕಪ್ಪು ಬಿಳುಪಿನ ತೆರೆಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಆ ಮೇಜಿಗೆ ನಿಜವಾಗಿ ಬಳಿದದ್ದು ತಿಳಿಹಸಿರು ಬಣ್ಣ, ಏಕೆಂದರೆ ಅಚ್ಚ ಬಿಳಿಯ ಪ್ರತಿಫಲನವನ್ನು ಆ ಕಾಲದ ಕ್ಯಾಮೆರಾ ತಾಳುತ್ತಿರಲಿಲ್ಲ. ಕೆಲವು ಕಂತುಗಳಲ್ಲಿ ಒಂದು ಕಡೆಯ ಗೋಡೆಯಲ್ಲಿ ಗೂಡುಗಳೇ ಇಲ್ಲ; ಗೂಡುಗಳ ಛಾಯಾಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಎಳೆದು ಕಟ್ಟಿದ್ದಾರೆ. ಗಮನವಿಟ್ಟು ನೋಡಿದರೆ ಮೋಸ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಪ್ರೀತಿ ಹೆಚ್ಚುತ್ತದೆ. ಆದರೆ ನಾನು ಬೊಟ್ಟು ಮಾಡಬೇಕೆಂದಿರುವುದು ಗೋಡೆಯನ್ನಲ್ಲ. ಅಷ್ಟೆಲ್ಲ ಭವಿಷ್ಯದ ಥಳಕಿನ ನಡುವೆ ಅಲ್ಲೊಂದು ಹಳೆಯ ಕಾಲದ ಕೆತ್ತನೆಯ ಕುರ್ಚಿಯಿತ್ತು, ಚಿನ್ನದ ಲೇಪದ ಅಲಂಕಾರಿಕ ಗಡಿಯಾರವೊಂದಿತ್ತು. ಇಲ್ಲಿ ಒಬ್ಬ ಮುದುಕ ಬಹಳ ಕಾಲದಿಂದ ವಾಸವಾಗಿದ್ದಾನೆ, ಹೋದಹೋದಲ್ಲಿಂದ ಇಷ್ಟವಾದದ್ದನ್ನು ಹೊತ್ತು ತಂದಿದ್ದಾನೆ ಎಂಬುದನ್ನು ಒಂದು ಸಂಭಾಷಣೆಯ ಹಂಗೂ ಇಲ್ಲದೆ ಆ ಎರಡು ವಸ್ತುಗಳು ಹೇಳಿಬಿಡುತ್ತಿದ್ದವು.

ಮುಂದೆ ಬಂದ ಕೋಣೆಗಳಲ್ಲಿ ನನಗೆ ಒಪ್ಪಿಗೆಯಾದವುಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಇದೇ ಗುಣ ಎದ್ದು ಕಾಣುತ್ತದೆ. 2005ರ ಕೋಣೆ ಹವಳದಂತೆ ಕವಲೊಡೆದ ಕಂಬಗಳದು. ಅಲ್ಲಿ ಯಂತ್ರವನ್ನು ದಾರಿಗೆ ತರಲು ಡಾಕ್ಟರ್ ಸೈಕಲ್ ಪಂಪು ಒತ್ತುತ್ತಿದ್ದ, ಅದಕ್ಕೂ ಬಗ್ಗದಿದ್ದರೆ ಕೊಡತಿಯಿಂದ ಬಡಿಯುತ್ತಿದ್ದ. 2010ರ ಮೇಜಿನ ಮೇಲೆ ಟೈಪ್‌ರೈಟರ್ ಇತ್ತು, ಬಿಸಿನೀರು ತಣ್ಣೀರಿನ ನಲ್ಲಿಗಳಿದ್ದವು. 2018ರಲ್ಲಿ ಬಂದ ಹರಳುಗಲ್ಲಿನ ಗುಹೆಯಂಥ ಕೋಣೆ ನನ್ನ ಮಟ್ಟಿಗೆ ತೀರ ಕತ್ತಲೆ, ಆದರೂ ಕಾಲಿನಿಂದ ಒತ್ತಿದರೆ ಕ್ರೀಮ್ ಬಿಸ್ಕತ್ತು ಉದುರಿಸುವ ಮೇಜನ್ನು ಪೂರ್ತಿ ತೆಗೆದುಹಾಕಲು ಮನಸ್ಸು ಬರುವುದಿಲ್ಲ. ಇನ್ನೂ ಒಳ್ಳೆಯ ಸಾಕ್ಷ್ಯ ಮೈಕೆಲ್ ಪಿಕ್‌ವೋಡ್ ರೂಪಿಸಿದ ಕೋಣೆಯದು. 2012ರ ಕೊನೆಯಲ್ಲಿ ಅದು ಬಂದಾಗ ಬರೀ ಲೋಹ, ನೀಲಿ ಬೆಳಕು, ಆಸ್ಪತ್ರೆಯ ತಣ್ಣಗಿನ ಗಾಳಿ. 2014ರಲ್ಲಿ ಪೀಟರ್ ಕಪಾಲ್ಡಿ ಡಾಕ್ಟರ್ ಆದಾಗ ಕೋಣೆಯನ್ನು ಕೆಡವಲಿಲ್ಲ. ದೀಪಗಳ ಬಣ್ಣವನ್ನು ಕಿತ್ತಳೆಗೆ ತಿರುಗಿಸಿ, ಮೇಲಿನ ಅಂತಸ್ತಿನಲ್ಲಿ ಪುಸ್ತಕದ ಕಪಾಟುಗಳನ್ನು, ಸೀಮೆಸುಣ್ಣದಲ್ಲಿ ಗೀಚಿದ ಕಪ್ಪು ಹಲಗೆಗಳನ್ನು ಇಟ್ಟರು. ಅದೇ ಕೋಣೆ ಒಬ್ಬ ಸಿಡುಕು ಮೇಷ್ಟ್ರ ಓದುವ ಮನೆಯಾಯಿತು.

ಈಗ 2023ರ ಕೋಣೆಗೆ ಬರೋಣ. ವಿನ್ಯಾಸ ಫಿಲ್ ಸಿಮ್ಸ್ ಅವರದು. ಬಿಳಿಯ ಗೋಡೆ, ದುಂಡು ಗೂಡುಗಳು, ಆರು ಮುಖದ ಮೇಜು, ಎಲ್ಲವೂ 1963ಕ್ಕೆ ಸಲ್ಲಿಸಿದ ಗೌರವ. ಗೂಡುಗಳ ಹಿಂದಿನ ದೀಪ ಬಣ್ಣ ಬದಲಿಸಿದಾಗ ಇಡೀ ಕೋಣೆಯ ಮನಸ್ಥಿತಿಯೇ ಬದಲಾಗುವುದನ್ನು ನೋಡುವುದು ನಿಜಕ್ಕೂ ಖುಷಿ. ಹಾಗಿದ್ದೂ, ಮೊದಲ ಬೆರಗು ಇಳಿದ ಮೇಲೆ, ಊಟದ ಕೊನೆಯ ಪಂಕ್ತಿಯೂ ಎದ್ದುಹೋದ ಕಲ್ಯಾಣ ಮಂಟಪದಲ್ಲಿ ನಿಂತಂತಾಗುತ್ತದೆ. ಗೋಡೆಗಳು ಎಷ್ಟು ದೂರ ಸರಿದಿವೆಯೆಂದರೆ ಕೋಣೆಯನ್ನು ಪೂರ್ತಿ ತೋರಿಸಹೊರಟ ಕ್ಯಾಮೆರಾದಲ್ಲಿ ನಟರು ಬೆರಳುದ್ದವಾಗುತ್ತಾರೆ, ನಟರ ಮುಖಕ್ಕೆ ಹತ್ತಿರ ಬಂದರೆ ಹಿಂದೆ ಬರಿಯ ಬಿಳುಪು ಉಳಿಯುತ್ತದೆ. ಹಳೆಯ ಸೆಟ್‌ನಲ್ಲಿ ಜಾಗ ಸಾಲದೆ ಎಲ್ಲರೂ ಮೇಜಿನ ಸುತ್ತ ಮುತ್ತಿಕೊಳ್ಳುತ್ತಿದ್ದರು, ಆ ಇಕ್ಕಟ್ಟಿನಿಂದಲೇ ಜಗಳ, ತಮಾಷೆ, ಸಲಿಗೆಗಳು ಹುಟ್ಟುತ್ತಿದ್ದವು. ಹೊಸ ಕೋಣೆ ಗೋಡೆಗಳನ್ನು ನಕಲು ಮಾಡಿತು, ಕುರ್ಚಿಯನ್ನೂ ಗಡಿಯಾರವನ್ನೂ ಮರೆತಿತು. ಅಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆಯೆಂದರೆ, ಡಾಕ್ಟರ್‌ನ ಸಂಗಾತಿ ಡೋನಾ ತನ್ನ ಕಾಫಿಯನ್ನು ಮೇಜಿನ ಮೇಲೆ ಚೆಲ್ಲಿ ಯಂತ್ರವನ್ನು ಹುಚ್ಚೆಬ್ಬಿಸುವ ಗಳಿಗೆ. ಆ ಒಂದು ಕಾಫಿ ಕಪ್ಪಿನಿಂದಾಗಿ ಒಂದು ನಿಮಿಷ ಅದು ಮನುಷ್ಯರಿರುವ ಜಾಗವಾಯಿತು. ಮುಂದೆ ಶೂಟಿ ಗಾಟ್ವಾ ಅವರ ಡಾಕ್ಟರ್ ಜೊತೆ ಒಂದು ಹಾಡಿನ ಪೆಟ್ಟಿಗೆಯೂ ಬಂತು. ಕಣ್ಣು ಹೋಗಿ ನಿಲ್ಲಲು ಒಂದು ಜಾಗ ಸಿಕ್ಕಿತು.

ಆದರೆ ಈ ವಿಶಾಲತೆಯ ಒಂದು ಭಾಗಕ್ಕೆ ಸರಿಯಾದ ಕಾರಣವಿದೆ, ಅದನ್ನು ಹೇಳದಿದ್ದರೆ ನನ್ನ ತಕರಾರು ಅನ್ಯಾಯದ್ದಾಗುತ್ತದೆ. ಕೋಣೆಯ ಉದ್ದಕ್ಕೂ ಮೆಟ್ಟಿಲಿನ ಬದಲು ಅಗಲವಾದ ಇಳಿಜಾರು ದಾರಿಗಳಿವೆ, ಗಾಲಿಕುರ್ಚಿ ಸಲೀಸಾಗಿ ಓಡಾಡಬಲ್ಲದು. ಅದೇ ಕಂತುಗಳಲ್ಲಿ ರೂತ್ ಮೇಡ್ಲಿ ಗಾಲಿಕುರ್ಚಿ ಬಳಸುವ ವೈಜ್ಞಾನಿಕ ಸಲಹೆಗಾರ್ತಿಯಾಗಿ ನಟಿಸಿದ್ದಾರೆ. ಅದೇ ತಿಂಗಳು ಬಂದ ಒಂದು ಕಿರು ಪ್ರಹಸನದಲ್ಲಿ ಖಳನಾಯಕ ಡಾವ್ರೋಸ್ ಗಾಲಿಕುರ್ಚಿಯಿಲ್ಲದೆ, ಮುಖದ ಕಲೆಗಳಿಲ್ಲದೆ ಕಾಣಿಸಿಕೊಂಡ. ಅಂಗವೈಕಲ್ಯವನ್ನು ದುಷ್ಟತನದ ಗುರುತಾಗಿಸುವ ಹಳೆಯ ರೂಢಿಯಿಂದ ದೂರ ಸರಿಯಬೇಕೆಂಬುದು ಆಗ ಧಾರಾವಾಹಿಯ ಚುಕ್ಕಾಣಿ ಹಿಡಿದಿದ್ದ ರಸೆಲ್ ಟಿ. ಡೇವಿಸ್ ಅವರ ವಿವರಣೆ. ಹಲವು ಅಭಿಮಾನಿಗಳು ಇದಕ್ಕೆ ಸಿಟ್ಟಾದರು. ನಾನು ಅವರ ಜೊತೆಗಿಲ್ಲ: 1975ರಿಂದ ಕಂಡ ಮುಖವೆಂಬುದು ಅಭ್ಯಾಸದ ಮಾತಾಯಿತೇ ಹೊರತು ವಾದವಾಗಲಿಲ್ಲ.

ಅಭಿಮಾನಿಗಳ ಮಾತು ಸರಿಯಾಗಿದ್ದ ಸಂದರ್ಭವೂ ಇದೆ. ಲೋಹದ ಕವಚದೊಳಗಿನ ಜೀವಿಗಳಾದ, ಡಾಕ್ಟರ್‌ನ ಹಳೆಯ ಶತ್ರುಗಳಾದ ಡಾಲೆಕ್‌ಗಳಿಗೆ 1963ರಲ್ಲಿ ರೂಪ ಕೊಟ್ಟ ರೇಮಂಡ್ ಕ್ಯೂಸಿಕ್, ಒಳಗೊಬ್ಬ ಮನುಷ್ಯನಿದ್ದಾನೆಂಬ ಗುಮಾನಿಯೇ ಹುಟ್ಟದಂತೆ ಕಾಲುಗಳನ್ನು ಮರೆಮಾಡಿದ್ದರು. ಅದು ನಡೆಯುತ್ತಿರಲಿಲ್ಲ, ಜಾರುತ್ತಿತ್ತು. 2010ರ ಏಪ್ರಿಲ್‌ನಲ್ಲಿ ಕೆಂಪು, ನೀಲಿ, ಹಳದಿ, ಕಿತ್ತಳೆ, ಬಿಳಿ ಹೀಗೆ ಐದು ಬಣ್ಣದ, ಬೆನ್ನು ಗೂನಾದ, ದಪ್ಪ ಡಾಲೆಕ್‌ಗಳು ಬಂದವು. ಆಟಿಕೆ ಅಂಗಡಿಯ ಕಪಾಟಿಗೆ ಅಳೆದು ಮಾಡಿಸಿದಂತಿವೆ ಎಂದು ನೋಡಿದವರು ಮೂಗು ಮುರಿದರು. 2012ರ ಡಾಲೆಕ್ ಕಥೆಯ ಹೊತ್ತಿಗೆ ಹಳೆಯ ಕಂಚಿನ ಬಣ್ಣದವೇ ಮುಂದೆ ನಿಂತಿದ್ದವು, ಹೊಸವು ಹಿಂದೆ ಸರಿದಿದ್ದವು. ಆಕ್ಷೇಪಿಸುವ ಅಭಿಮಾನಿಯನ್ನು ಹಗುರವಾಗಿ ಕಾಣುವವರು ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. 1986ರಲ್ಲಿ ಬಿಬಿಸಿಯ ಚರ್ಚಾ ಕಾರ್ಯಕ್ರಮವೊಂದರಲ್ಲಿ ಕೂತು ಆ ವರ್ಷದ ಕಥೆಯನ್ನು ಅದರ ಲೇಖಕರ ಎದುರಿಗೇ ಟೀಕಿಸಿದ ಹದಿಹರೆಯದ ಹುಡುಗ ಕ್ರಿಸ್ ಚಿಬ್ನಲ್. 2018ರಲ್ಲಿ ಧಾರಾವಾಹಿಯ ಚುಕ್ಕಾಣಿ ಹಿಡಿದವರು ಅವರೇ. ಇನ್ನು 2014ರ ಗಡಿಯಾರದ ಹಲ್ಲುಚಕ್ರಗಳ ಶೀರ್ಷಿಕಾ ದೃಶ್ಯಕ್ಕೆ ಮೂಲವಾದದ್ದು, ಲೀಡ್ಸ್‌ನ ಬಿಲ್ಲಿ ಹ್ಯಾನ್‌ಶಾ ತಮ್ಮ ಸಂತೋಷಕ್ಕೆ ತಯಾರಿಸಿ ಯೂಟ್ಯೂಬಿಗೆ ಹಾಕಿದ್ದ ವೀಡಿಯೊ.

ಬ್ರಿಟನ್ನಿನ ಹೊರಗೆ ಧಾರಾವಾಹಿಯನ್ನು ಪ್ರಸಾರ ಮಾಡುತ್ತಿದ್ದ ಡಿಸ್ನಿ ಪ್ಲಸ್ ಜೊತೆಗಿನ ಪಾಲುದಾರಿಕೆ 2025ರಲ್ಲಿ ಮುಗಿದಿದೆ. ಅಷ್ಟು ದೊಡ್ಡ ಸೆಟ್ ಮುಂದೆಯೂ ಉಳಿಯುತ್ತದೆಯೋ ಇಲ್ಲವೋ, ಅದನ್ನು ಕೆಡವಬೇಕೆಂದು ನಾನಂತೂ ಕೇಳುವುದಿಲ್ಲ. ಗೋಡೆಗಳನ್ನು ನಾಲ್ಕು ಹೆಜ್ಜೆ ಒಳಕ್ಕೆ ತರಲಿ, ಇಳಿಜಾರು ದಾರಿಗಳನ್ನು ಹಾಗೆಯೇ ಬಿಡಲಿ, ಮೇಜಿನ ಹತ್ತಿರ, ಗಾಲಿಕುರ್ಚಿಯ ದಾರಿಗೆ ಅಡ್ಡವಾಗದಂತೆ, ಎರಡು ಹಳೆಯ ಕುರ್ಚಿಗಳನ್ನು ಹಾಕಲಿ, ಬಾಗಿಲ ಪಕ್ಕದಲ್ಲಿ ಕೋಟು ನೇತುಹಾಕಲು ಒಂದು ಗೂಟ ಹೊಡೆಯಲಿ. ಅಷ್ಟು ಮಾಡಲು ಯಾವ ಪಾಲುದಾರರ ದುಡ್ಡೂ ಬೇಕಾಗುವುದಿಲ್ಲ.