ಕೋಲಾರದಲ್ಲಿ ಸುಶಿ: ಮೊದಲು ಅನ್ನ ನೋಡಿ, ಆಮೇಲೆ ಮೀನು

ಎಲ್ಲರಿಗೂ ನಮಸ್ಕಾರ.

"ಕೋಲಾರದಲ್ಲಿ ಸುಶಿನಾ? ಸಮುದ್ರ ಎಲ್ಲಿದೆ ಇಲ್ಲಿ?" ಅಂತ ಕೇಳೋರು ಬಹಳ ಜನ. ಸುಶಿ ಅಂದ್ರೆ ವಿನೆಗರ್ ಹಾಕಿದ ಅನ್ನದ ಜೊತೆ ಮೀನೋ ತರಕಾರಿಯೋ ಇಟ್ಟು ಮಾಡೋ ಜಪಾನಿ ತಿನಿಸು. ಇವತ್ತು ಈ ಪ್ರಶ್ನೆಗೇ ಉತ್ತರ. ಸಮುದ್ರ ದೂರ ಇರೋದು ನಮ್ಮ ತೊಂದರೆ ಅಲ್ಲವೇ ಅಲ್ಲ. ಜಪಾನಿನಲ್ಲಿ ಹಸಿಯಾಗಿ ತಿನ್ನೋ ಟ್ಯೂನಾದಲ್ಲಿ ಬಹಳಷ್ಟು, ದೂರದ ಸಮುದ್ರದಲ್ಲಿ ಹಿಡಿದು ಹಡಗಿನಲ್ಲೇ ಮೈನಸ್ 60 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ತಂದದ್ದು. ಮೀನಿಗೆ ಬೇಕಾಗಿರೋದು ಶೀತ. ಆ ಶೀತ ಎಲ್ಲೂ ಕಡಿದುಹೋಗದೆ ಬಂದ್ರೆ ಕೋಲಾರವೂ ಒಂದೇ, ಕಡಲತೀರವೂ ಒಂದೇ.

ಇನ್ನೊಂದು ವಿಷಯ. ಜಪಾನಿನ ಕ್ಯೋಟೋ ಕೂಡ ಒಳನಾಡಿನ ಊರೇ. ವಾಕಾಸಾ ಕರಾವಳಿಯ ಒಬಾಮಾ ಅನ್ನೋ ಊರಿಂದ ಅಲ್ಲಿಗೆ ಜಪಾನಿನ ಹಳೇ ಅಳತೆಯಲ್ಲಿ 18 ರಿ, ಅಂದ್ರೆ ಸುಮಾರು 70 ಕಿಲೋಮೀಟರ್. ಬೆಂಗಳೂರಿಂದ ಕೋಲಾರಕ್ಕೂ ಹೆಚ್ಚುಕಮ್ಮಿ ಅಷ್ಟೇ ದಾರಿ. ಐಸ್ ಇಲ್ಲದ ಕಾಲದಲ್ಲಿ ನಮ್ಮ ಬಂಗುಡೆಯ ಕುಲದ ಸಾಬಾ ಮೀನಿಗೆ ಉಪ್ಪು ಹಾಕಿ, ಬೆನ್ನ ಮೇಲೆ ಹೊತ್ತು ಆ ಬೆಟ್ಟದ ದಾರಿ ನಡೀತಿದ್ರು. ಕ್ಯೋಟೋ ಮುಟ್ಟೋ ಹೊತ್ತಿಗೆ ಉಪ್ಪು ಹದವಾಗಿ ಹಿಡಿದಿರ್ತಿತ್ತು. ಆ ಮೀನನ್ನ ವಿನೆಗರ್‌ನಲ್ಲಿ ನೆನೆಸಿ ಅನ್ನದ ಮೇಲೆ ಒತ್ತಿ ಮಾಡೋ ಸಾಬಾಝುಶಿ ಇವತ್ತಿಗೂ ಕ್ಯೋಟೋದ ಹಬ್ಬದೂಟ. ನಾರಾ ಪ್ರಾಂತ್ಯಕ್ಕೆ ಕಡಲೇ ಇಲ್ಲ. ಅಲ್ಲಿನೋರು ಉಪ್ಪು ಮೀನಿನ ಸುಶಿಯನ್ನ ಪರ್ಸಿಮನ್ ಹಣ್ಣಿನ ಮರದ ಎಲೆಯಲ್ಲಿ ಸುತ್ತಿ ಇಡ್ತಾರೆ. ಒಳನಾಡಿನೋರು ಕರಾವಳಿಯೋರ ಹಾಗೆ ಮಾಡೋಕೆ ಹೋಗಲಿಲ್ಲ, ತಮ್ಮ ಊರಿಗೆ ಒಗ್ಗೋ ಸುಶಿ ಮಾಡ್ಕೊಂಡ್ರು. ನಮ್ಮ ಕಡೆ ಹೋಟೆಲುಗಳು ಮಾಡ್ತಿರೋ ತಪ್ಪು ಇಲ್ಲೇ ಇದೆ: ಮೊದಲ ದಿನದಿಂದಲೇ ಮೆನು ತುಂಬಾ ಸಾಲ್ಮನ್, ಟ್ಯೂನಾ.

ಯಾಕೆ ತಪ್ಪು? ವ್ಯಾಪಾರದ ಲೆಕ್ಕ ನೋಡಿ. ಊರು ಚಿಕ್ಕದು, ಹಸಿ ಮೀನು ತಿನ್ನೋರು ಕಮ್ಮಿ, ಬರೋದು ಶನಿವಾರ, ಭಾನುವಾರ. ದುಬಾರಿ ಮೀನು ಯಾರೂ ಎಸೆಯಲ್ಲ. ಶನಿವಾರಕ್ಕೆ ಕರಗಿಸಿದ್ದು ಉಳಿದ್ರೆ ಮತ್ತೆ ಫ್ರೀಜರ್‌ಗೆ ಹೋಗುತ್ತೆ, ಮಂಗಳವಾರ ಹೊರಗೆ ಬರುತ್ತೆ. ಮೀನು ಕೆಡೋದು ಬರೋ ದಾರಿಯಲ್ಲಲ್ಲ, ಬಂದ ಮೇಲೆ ಹೋಟೆಲ್ ಒಳಗೆ.

ಹಾಗಾದ್ರೆ ಎಲ್ಲಿ ಹುಡುಕಬೇಕು? ಜಪಾನಿನೋರು ಕೆಲಸದ ಮೇಲೆ ಓಡಾಡೋ ಕಡೆ. ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಗಿದ್ದು 2013ರಲ್ಲಿ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳ ಸುತ್ತ, ಹೊಸಕೋಟೆ ಕಡೆಯ ಹೆದ್ದಾರಿಯಲ್ಲಿ ಕಂಪನಿ ಅತಿಥಿಗಳು ಇಳಿಯೋ ಹೋಟೆಲುಗಳಿಗೆ ಫೋನ್ ಮಾಡಿ. "ಸುಶಿ ಇದೆಯಾ" ಅಂತ ಕೇಳಬೇಡಿ. "ಜಪಾನಿ ಅತಿಥಿಗಳು ಬಂದ್ರೆ ಬೆಳಿಗ್ಗೆ ತಿಂಡಿಗೆ ಏನು ಮಾಡ್ತೀರಾ?" ಅಂತ ಕೇಳಿ. ಮಿಸೋ (ಹುದುಗಿಸಿದ ಸೋಯಾ) ಸೂಪು, ಅನ್ನ, ಸುಟ್ಟ ಮೀನು ಅಂದ್ರೆ ಆ ಅಡುಗೆಮನೆಯಲ್ಲಿ ಸರಿಯಾದ ಅಕ್ಕಿ ಇದೆ ಅಂತ ಅರ್ಥ. ಹೊರಗಿನೋರಿಗೂ ಮಾಡಿಕೊಡ್ತೀರಾ, ಎಷ್ಟು ಹೊತ್ತು ಮುಂಚೆ ಹೇಳಬೇಕು, ಅದನ್ನೂ ಕೇಳಿಬಿಡಿ. ಜೊಮ್ಯಾಟೋದಲ್ಲಿ ಹುಡುಕೋದಾದ್ರೆ ಸ್ಟಾರ್ ನೋಡಬೇಡಿ, ಗಿರಾಕಿಗಳು ಹಾಕಿರೋ ಫೋಟೋ ದೊಡ್ಡದು ಮಾಡಿ ಅನ್ನ ನೋಡಿ. ಅಗುಳು ಅಗುಳಾಗಿ ಕಾಣಬೇಕು. ಹಿಟ್ಟಿನ ಉಂಡೆ ಥರ ಕಂಡ್ರೆ ಅಲ್ಲಿಗೆ ಬಿಡಿ.

ಹೌದು, ಅನ್ನ. ನಮ್ಮ ಕಡೆ ಮುದ್ದೆ ಮಾಡೋರ ಕೈ ಎಂಥದ್ದು ಅಂತ ಗೊತ್ತಾಗೋದು ಮುದ್ದೆ ಮುರಿದಾಗ, ಸಾರು ಸುರಿದಾಗಲ್ಲ. ಸುಶಿಯೂ ಹಾಗೇ. ಹೊಸ ಜಾಗಕ್ಕೆ ಹೋದಾಗ ಮೊದಲು ಹೇಳಬೇಕಾದ್ದು ಕಪ್ಪಾ ಮಾಕಿ: ಸೌತೆಕಾಯಿ, ಅನ್ನ, ಸುತ್ತೋಕೆ ನೋರಿ ಅನ್ನೋ ಒಣ ಕಡಲಪಾಚಿಯ ಹಾಳೆ, ಇಷ್ಟೇ. ಮರೆಮಾಚೋಕೆ ಮಯೋನೀಸ್ ಇಲ್ಲ, ಸಾಸ್ ಇಲ್ಲ, ಕರಿದ ಚೂರುಗಳಿಲ್ಲ.

ಬಾಯಿಗೆ ಇಟ್ಟಾಗ ಅನ್ನ ಮೈ ಬಿಸಿಯಷ್ಟು ಇರಬೇಕು. ತಣ್ಣಗೆ, ಗಟ್ಟಿಯಾಗಿ, ಒಳಗೆ ಸುಣ್ಣದ ಹರಳಿನ ಥರ ಸಿಕ್ಕಿದ್ರೆ ಅದು ಫ್ರಿಜ್‌ನಲ್ಲಿ ಇದ್ದ ಅನ್ನ. ಬೆಂದ ಅಕ್ಕಿಯ ಪಿಷ್ಟ ಮತ್ತೆ ಗಟ್ಟಿಯಾಗೋದು ಎಲ್ಲಕ್ಕಿಂತ ಬೇಗ ಸೊನ್ನೆಯಿಂದ 5 ಡಿಗ್ರಿ ಒಳಗೆ, ಅಂದ್ರೆ ನೇರ ಫ್ರಿಜ್‌ನ ತಾಪದಲ್ಲಿ. ಹೊರಗಿಟ್ರೆ ಕೆಡುತ್ತೆ ಅನ್ನೋ ಭಯಕ್ಕೆ ಒಳಗಿಡ್ತಾರೆ. ಸಾದಾ ಅನ್ನಕ್ಕೆ ಆ ಭಯ ಸರಿಯೇ. ಸುಶಿ ಅನ್ನಕ್ಕೆ ವಿನೆಗರ್ ಸರಿಯಾಗಿ ಬಿದ್ದು ಪಿಎಚ್ (ಕಮ್ಮಿ ಆದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗೆ ಇಳಿದಿದ್ರೆ, ಆ ದಿನದ ಮಟ್ಟಿಗೆ ಹೊರಗಿಡಬಹುದು. ವಿನೆಗರ್‌ನಲ್ಲಿ ಕಂಜೂಸಿ ಮಾಡಿದೋರೇ ಫ್ರಿಜ್ ನಂಬಬೇಕಾಗೋದು.

ಅನ್ನ ಉದುರಿಹೋದ್ರೆ ಅಕ್ಕಿಯೇ ಬೇರೆ. ಸೋನಾ ಮಸೂರಿ ನಮ್ಮ ಸಾರಿಗೆ ಚೆನ್ನ. ಅದರಲ್ಲಿ ಅಮೈಲೋಸ್ ಅನ್ನೋ ಅಂಟದ ಬಗೆಯ ಪಿಷ್ಟ ಹೆಚ್ಚು, ಉದುರುದುರಾಗಿ ನಿಲ್ಲುತ್ತೆ. ಸುಶಿಗೆ ಗುಂಡು ಕಾಳಿನ ಜಪಾನಿಕಾ ತಳಿಯೇ ಬೇಕು. ಇಡ್ಲಿ ಅಕ್ಕಿಯೂ ಗುಂಡಗಿದೆ ಅಂತ ಹಾಕೋಕೆ ಹೋಗಬೇಡಿ. ಅದು ಕುಸುಬಲಕ್ಕಿ, ಬೇಕಾದಷ್ಟು ಅಂಟಲ್ಲ. ಅನ್ನ ಪೇಸ್ಟ್ ಆಗಿದ್ರೆ ನೀರು ಹೆಚ್ಚಾಗಿದೆ, ಇಲ್ಲಾ ಕಲಸುವಾಗ ಕಿವುಚಿದ್ದಾರೆ. ಮೂಗಿಗೆ ಚುರ್ ಅಂದ್ರೆ ಅಕ್ಕಿ ವಿನೆಗರ್ ಬದಲು ಗೋಬಿ ಮಂಚೂರಿಗೆ ಹಾಕೋ ಬಿಳಿ ಸಿಂಥೆಟಿಕ್ ವಿನೆಗರ್ ಬಿದ್ದಿದೆ.

ಅಡುಗೆಯೋರೂ ಇದನ್ನ ಕೇಳ್ತಿರಬಹುದು, ಅದಕ್ಕೆ ಅಳತೆ ಹೇಳ್ತೀನಿ. 300 ಗ್ರಾಂ ಅಕ್ಕಿ. ನೀರು ಬಹುತೇಕ ತಿಳಿಯಾಗೋವರೆಗೂ ಮೆತ್ತಗೆ ತೊಳೀರಿ, ಅರ್ಧ ಗಂಟೆ ನೆನೆಸಿ, ಅಕ್ಕಿ ಅಳೆದ ಲೋಟದಲ್ಲೇ ಒಂದಕ್ಕೆ ಒಂದು ನೀರು, ಹೆಚ್ಚೆಂದ್ರೂ ಒಂದೂಕಾಲು ಮುಟ್ಟಬಾರದು. ಬೆಂದ ಮೇಲೆ ಮುಚ್ಚಳ ತೆಗೀದೆ 10 ರಿಂದ 15 ನಿಮಿಷ ಬಿಡಿ. 60 ಎಂಎಲ್ ಅಕ್ಕಿ ವಿನೆಗರ್, 2 ದೊಡ್ಡ ಚಮಚ ಸಕ್ಕರೆ, 1 ಚಿಕ್ಕ ಚಮಚ ಉಪ್ಪು ಕರಗಿಸಿಟ್ಟು, ಅನ್ನ ಹಬೆಯಾಡ್ತಿರುವಾಗಲೇ ಸುರೀರಿ. ಆರಿದ ಮೇಲೆ ಹಾಕಿದ್ರೆ ಒಳಗೆ ಇಳಿಯಲ್ಲ, ತಳದಲ್ಲಿ ನೀರಾಗಿ ನಿಲ್ಲುತ್ತೆ. ಚಪ್ಪಟೆ ಸೌಟಿನಲ್ಲಿ ಕತ್ತರಿಸೋ ಹಾಗೆ ಕಲಸಿ, ಬೀಸಣಿಗೆಯಲ್ಲಿ ಗಾಳಿ ಹಾಕಿ. ನಮ್ಮ ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ಮೇಲಿನ ಅಗುಳು ಬೇಗ ಒಣಗುತ್ತೆ, ಕಲಸಿದ ತಕ್ಷಣ ಹಿಂಡಿದ ಒದ್ದೆ ಬಟ್ಟೆ ಮುಚ್ಚಬೇಕು. ನಿಗಿರಿ, ಅಂದ್ರೆ ಅನ್ನದ ಪುಟ್ಟ ಉಂಡೆ ಮೇಲೆ ಮೀನಿನ ಹೋಳಿಡೋ ಸುಶಿ, ಮಾಡೋವಾಗ ಒಂದಕ್ಕೆ 15 ರಿಂದ 20 ಗ್ರಾಂ ಅನ್ನ ಸಾಕು. ಹೊಟ್ಟೆ ತುಂಬಲಿ ಅಂತ ದೊಡ್ಡ ಉಂಡೆ ಕಟ್ಟಿದ್ರೆ ಮೀನಿನ ರುಚಿ ಕಳೆದುಹೋಗುತ್ತೆ.

ಕೋಲಾರದಲ್ಲಿ ಯಾರೂ ಲೆಕ್ಕಕ್ಕೆ ಇಟ್ಕೊಳ್ಳದ ವಿಷಯ ಒಂದಿದೆ: ನೀರು. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆಗೆ, ಗೀಸರ್‌ಗೆ ಬಿಳಿ ಪೊರೆ ಕಟ್ಟೋದನ್ನ ಎಲ್ಲರೂ ನೋಡಿದ್ದೀರಿ. ಜಪಾನಿನ ನೀರು ಮೆದು, ಆ ಅಡುಗೆ ಹುಟ್ಟಿದ್ದೇ ಮೆದು ನೀರಿನಲ್ಲಿ. ಗಡಸು ನೀರಿನ ಕ್ಯಾಲ್ಸಿಯಂ ಕೊಂಬು ಅನ್ನೋ ಕಡಲಪಾಚಿಯ ಆಲ್ಜಿನೇಟ್ ಅನ್ನೋ ಲೋಳೆಯ ಜೊತೆ ಕಟ್ಟಿಕೊಳ್ಳುತ್ತೆ. ರಸ ಸರಿಯಾಗಿ ಇಳಿಯಲ್ಲ, ಮೇಲೆ ನೊರೆ ತೇಲುತ್ತೆ. ದಾಶಿ ಅನ್ನೋ ಆ ಮೂಲ ಸಾರು ಸಪ್ಪೆಯಾದ್ರೆ ಮಿಸೋ ಸೂಪು, ಉಡೋನ್ ನೂಡಲ್ಸ್, ಟೆಂಪುರಾ (ಬಜ್ಜಿ ಥರ ಹಿಟ್ಟಲ್ಲಿ ಅದ್ದಿ ಕರಿದದ್ದು) ಅದ್ದೋ ರಸ, ಎಲ್ಲವೂ ಸಪ್ಪೆ. ಆಗ ಅಜಿನೊಮೊಟೊ, ಸೋಯಾ ಸಾಸ್ ಸುರಿದು ಸರಿಮಾಡೋಕೆ ನೋಡ್ತಾರೆ, ಉಪ್ಪುಪ್ಪಾಗುತ್ತೆ. ಅನ್ನಕ್ಕೂ ಇದೇ ಪಾಡು: ಗಡಸು ನೀರಲ್ಲಿ ಬೆಂದ ಅನ್ನ ಬಿರುಸು. ಅಕ್ಕಿ ನೀರು ಹೀರೋಕೆ ಶುರು ಮಾಡೋದು ಮೊದಲ ಸಲ ತೊಳೆಯುವಾಗಲೇ. ಅದಕ್ಕೇ ಮೊದಲ ತೊಳೆತಕ್ಕೂ ಆರ್‌ಒ ನೀರೇ ಬೇಕು. ಇಲ್ಲಿ ಊರೂರಿಗೂ ಶುದ್ಧ ನೀರಿನ ಘಟಕ ಇದೆ, ನೀರು ತರಿಸೋದು ಕಷ್ಟವೇನಲ್ಲ. "ಸೂಪಿಗೆ ಯಾವ ನೀರು ಹಾಕ್ತೀರಾ?" ಅಂತ ಕೇಳಿ. ತಕ್ಷಣ ಉತ್ತರ ಕೊಡೋ ಅಡುಗೆಯೋರನ್ನ ನಂಬಬಹುದು.

ಮೀನಿನ ವಿಷಯಕ್ಕೆ ಬರೋಣ. "ಫ್ರೆಶ್ ಮೀನು, ಫ್ರೀಜ್ ಮಾಡಿಲ್ಲ" ಅಂತ ಯಾರಾದ್ರೂ ಹೆಮ್ಮೆಯಿಂದ ಹೇಳಿದ್ರೆ ಅಲ್ಲಿ ಹಸಿ ಮೀನು ತಿನ್ನಬೇಡಿ. ಅನಿಸಾಕಿಸ್ ಅನ್ನೋ ಹುಳು ಸಾಯಬೇಕು ಅಂದ್ರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲಾ ಗಟ್ಟಿಯಾದ ಮೇಲೆ ಮೈನಸ್ 35ರಲ್ಲಿ 15 ಗಂಟೆ ಇಡಬೇಕು ಅಂತ ಅಮೆರಿಕದ ಆಹಾರ ಇಲಾಖೆಯ ನಿಯಮ. ದೊಡ್ಡ ಜಾತಿಯ ಟ್ಯೂನಾಗೆ, ತಯಾರಿಸಿದ ಆಹಾರ ಹಾಕಿ ಸಾಕಿದ ಸಾಲ್ಮನ್‌ಗೆ ವಿನಾಯಿತಿ ಇದೆ. ಮನೆಯ ಫ್ರಿಜ್‌ನ ಫ್ರೀಜರ್ ಮೈನಸ್ 18ರ ಆಸುಪಾಸು, ಬಾಗಿಲು ತೆಗೆದು ಹಾಕಿದಂತೆಲ್ಲ ಏರಿಳಿಯುತ್ತೆ, ಅದನ್ನ ನೆಚ್ಚೋ ಹಾಗಿಲ್ಲ. ವಿನೆಗರ್, ವಾಸಾಬಿ ಅನ್ನೋ ಖಾರದ ಹಸಿರು ಪೇಸ್ಟ್ ಹಾಕಿದ್ರೆ ಹುಳು ಸಾಯುತ್ತೆ ಅನ್ನೋದು ಸುಳ್ಳು. ಇನ್ನು ಕೆರೆ ಮೀನು: ರೋಹು, ಕಾಟ್ಲಾ, ಜಿಲೇಬಿ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಸೋ ಕೆ.ಸಿ. ವ್ಯಾಲಿ ಯೋಜನೆಯ ಕೆರೆಯದ್ದಾಗಲಿ ಮಳೆ ನೀರಿನದ್ದಾಗಲಿ, ಹಸಿಯಾಗಿ ಯಾವತ್ತೂ ಬೇಡ. ಸಿಹಿನೀರಿನ ಮೀನಿನಲ್ಲಿ, ತಿಂದೋರ ಪಿತ್ತನಾಳ ಸೇರೋ ಹುಳುಗಳು ಇರಬಹುದು.

ಕೇಳಬೇಕಾದ್ದು ಇಷ್ಟು: ಮೀನು ವಾರದ ಯಾವ ದಿನ ಬರುತ್ತೆ, ಯಾವಾಗ ಕರಗಿಸಿದ್ದು, ಕರೆಂಟ್ ಹೋದ್ರೆ ಫ್ರೀಜರ್‌ಗೆ ಜನರೇಟರ್ ಇದೆಯಾ. ಹಿಂದಿನ ರಾತ್ರಿ ಫ್ರಿಜ್ ಒಳಗೇ ಕರಗಿಸಿ, ಇವತ್ತು ಹೆಚ್ಚಿದ್ದು ಅಂದ್ರೆ ಸರಿ. ತಟ್ಟೆಯಲ್ಲಿ ಮೀನಿನ ಕೆಳಗೆ ನೀರು ನಿಂತಿದ್ರೆ, ಮುಟ್ಟಿದ್ರೆ ಮೆತ್ತಗೆ ಹಿಸುಕಿದ ಹಾಗಾದ್ರೆ ಎರಡನೇ ಸಲ ಹೆಪ್ಪುಗಟ್ಟಿ ಕರಗಿದ್ದಾಗಿರಬಹುದು. ಟ್ಯೂನಾ ಕಲ್ಲಂಗಡಿ ಬಣ್ಣಕ್ಕೆ ಹೊಳೀತಿದ್ರೆ ಕಾರ್ಬನ್ ಮೊನಾಕ್ಸೈಡ್ ಕೊಟ್ಟಿರೋ ಸಾಧ್ಯತೆ ಹೆಚ್ಚು. ಅಂಥ ಮೀನು ಹಳತಾದ್ರೂ ಬಣ್ಣ ಬಿಡಲ್ಲ. ಜಪಾನಿನಲ್ಲೇ ಇದಕ್ಕೆ ಅನುಮತಿ ಇಲ್ಲ. ಟ್ಯೂನಾ ತಿಂದಾಗ ನಾಲಿಗೆ ಮೆಣಸು ತಾಗಿದ ಹಾಗೆ ಉರಿದ್ರೆ ಅಲ್ಲೇ ನಿಲ್ಲಿಸಿ. ಶೀತ ತಪ್ಪಿದ ಮೀನಿನಲ್ಲಿ ಹಿಸ್ಟಮೀನ್ ಹುಟ್ಟಿರುತ್ತೆ, ಅದು ಬೇಯಿಸಿದ್ರೂ ಹೋಗಲ್ಲ. ಚಿಕ್ಕ ಊರಿನಲ್ಲಿ ಮೂರು ಥರ ಮೀನು ಇಡೋ ಜಾಗ, ಹದಿನೈದು ಥರ ಇಡೋ ಜಾಗಕ್ಕಿಂತ ಒಳ್ಳೇದು.

ಅನುಮಾನ ಬಂದ್ರೆ ಬೆಂದದ್ದೇ ಹೇಳಿ. ಸೀಗಡಿ ಎಬಿ, ಹಾವುಮೀನಿನ ಉನಾಗಿ, ಮೊಟ್ಟೆಯ ತಮಾಗೊ ಎಲ್ಲ ಸಾಮಾನ್ಯವಾಗಿ ಬೆಂದದ್ದೇ. ಕಟ್ಸು ಕರಿ (ಕರಿದ ಮಾಂಸದ ಹೋಳಿನ ಜೊತೆ ಕರಿ), ಗ್ಯೋಝಾ (ಕಡುಬಿನ ಥರದ್ದು), ಟೆಂಪುರಾ ಕೂಡ ಸರಿ. ಟೆಂಪುರಾ ನಮ್ಮ ಊರಿಗೆ ಹೇಳಿ ಮಾಡಿಸಿದ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಕೋಲಾರದ ಕ್ಯಾಪ್ಸಿಕಂ, ಬೀನ್ಸ್, ಬದನೆ, ಕುಂಬಳ ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನ ಎಣ್ಣೆಗೆ ಬೀಳಬಹುದು. ಹಿಟ್ಟಿಗೆ ಐಸ್ ನೀರು ಹಾಕಿ, ಗಂಟು ಉಳಿದ್ರೂ ಬಿಟ್ಟು, 170 ರಿಂದ 180 ಡಿಗ್ರಿ ಎಣ್ಣೆಯಲ್ಲಿ ಕರೀಬೇಕು. ಹೆಚ್ಚು ಕಲಸಿದ್ರೆ ಗ್ಲುಟೆನ್ ಹುಟ್ಟಿ ಹೊದಿಕೆ ದಪ್ಪ ಆಗುತ್ತೆ.

ಸಸ್ಯಾಹಾರಿಗಳು ಇಲ್ಲಿ ಗಮನ ಕೊಡಿ. ತರಕಾರಿ ಸುಶಿ ಅಂತ ಬರೆದಿದ್ರೂ ಅದಕ್ಕೆ ಬಳಸಿರೋ ದಾಶಿಯಲ್ಲಿ ಒಣಗಿಸಿದ ಬೊನಿಟೊ ಮೀನು ಇರಬಹುದು. ಪ್ಯಾಕೆಟ್‌ನ ದಾಶಿ ಪುಡಿಯಲ್ಲೂ ಸಾಮಾನ್ಯವಾಗಿ ಅದೇ. ಮಿಸೋ ಸೂಪು, ಟೆಂಪುರಾ ರಸ, ಇನಾರಿ ಸುಶಿಗೆ ಅನ್ನ ತುಂಬೋ ಕರಿದ ತೋಫು ಚೀಲ, ಇವೆಲ್ಲ ಸಾಮಾನ್ಯವಾಗಿ ಆ ದಾಶಿಯಲ್ಲೇ ಬೇಯೋದು. ಜಪಾನಿ ಮಯೋನೀಸ್‌ನಲ್ಲಿ ಮೊಟ್ಟೆಯ ಹಳದಿ ಇದೆ. "ಇದು ವೆಜ್ಜಾ?" ಅಂದ್ರೆ ಹೌದು ಅಂತಾರೆ, ಅವರಿಗೂ ಗೊತ್ತಿರಲ್ಲ. "ದಾಶಿ ಯಾವುದರಿಂದ ಮಾಡಿದ್ದು?" ಅಂತಲೇ ಕೇಳಬೇಕು. ಒಂದು ಲೀಟರ್ ಆರ್‌ಒ ನೀರಿಗೆ 10 ಗ್ರಾಂ ಕೊಂಬು, ನಾಲ್ಕು ಒಣ ಶಿಟಾಕೆ ಅಣಬೆ, ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿದ್ರೆ ಶುದ್ಧ ಸಸ್ಯಾಹಾರಿ ದಾಶಿ ಸಿದ್ಧ. ಅದರಲ್ಲಿ ಬೇಯಿಸಿದ ಇನಾರಿ ಸುಶಿ ಕೋಲಾರದ ಪ್ರತಿ ಜಪಾನಿ ಅಡುಗೆಮನೆಯಲ್ಲೂ ಸಿಗಬೇಕು. ಹಸಿ ಮೀನಿನ ಖರ್ಚಿಲ್ಲ, ಅಪಾಯ ಇಲ್ಲ, ಉಳಿದದ್ದನ್ನ ಫ್ರೀಜರ್‌ಗೆ ತುಂಬೋ ಪಾಡೂ ಇಲ್ಲ. ಹೋಟೆಲ್ ನಡೆಸೋರು ಮೊದಲು ಇನಾರಿ, ಕಪ್ಪಾ ಮಾಕಿ, ತಮಾಗೊ, ಉಪ್ಪು, ವಿನೆಗರ್‌ನಲ್ಲಿ ಹದ ಮಾಡಿದ ಬಂಗುಡೆ, ಇವಕ್ಕೆ ಗಿರಾಕಿ ಕಟ್ಟಲಿ. ಬಂಗುಡೆಗೂ ಮೊದಲು ಆ ಏಳು ದಿನದ ಫ್ರೀಜರ್ ಕಡ್ಡಾಯ. ದಿನಾ ಅನ್ನ ಖರ್ಚಾಗೋಕೆ ಶುರುವಾದ ಮೇಲೆ ಸಾಲ್ಮನ್ ತರಿಸಲಿ.

ಕೊನೆಗೆ ಬೆಂಗಳೂರಿಂದ ಪಾರ್ಸಲ್ ತರೋರಿಗೆ. ದಾರಿ ಒಂದೂವರೆ, ಎರಡು ಗಂಟೆ. ನಿಗಿರಿ ತರಬೇಡಿ; ಐಸ್ ಇಟ್ರೆ ಅನ್ನ ಕಲ್ಲಾಗುತ್ತೆ, ಇಡದಿದ್ರೆ ಮೀನು ಬಿಸಿಯಾಗುತ್ತೆ. ಹಸಿ ಮೀನು ಬೇಕೇ ಬೇಕು ಅಂದ್ರೆ ಸಾಶಿಮಿಯನ್ನ (ಅನ್ನ ಇಲ್ಲದ ಹಸಿ ಮೀನಿನ ಹೋಳು) ಐಸ್ ಡಬ್ಬಿಯಲ್ಲಿ, ಸುಶಿ ಅನ್ನವನ್ನ ಬೇರೆ ಡಬ್ಬಿಯಲ್ಲಿ ಐಸ್ ಇಲ್ಲದೆ, ನೋರಿಯನ್ನ ಬಿಚ್ಚದ ಪ್ಯಾಕೆಟ್‌ನಲ್ಲಿ ಕೇಳಿ ತನ್ನಿ. ಮನೆಯಲ್ಲಿ ಎಲ್ಲರೂ ಕೂತ ಮೇಲೆ ಕೈಯಲ್ಲೇ ಸುತ್ತಿ, ನೋರಿ ಗರಿಗರಿ ಇರುವಾಗಲೇ ತಿನ್ನಿ. ಮೀನು ಉಳಿದ್ರೆ ಆ ರಾತ್ರಿಯೇ ಬಾಣಲೆಗೆ ಹಾಕಿ ಬೇಯಿಸಿಬಿಡಿ, ಬೆಳಿಗ್ಗೆಗೆ ಹಸಿಯಾಗಿ ಇಡಬೇಡಿ.