ಸುಳಿ ನೋಡಿ ಕತ್ತರಿ ಆಡಿಸಿ

(ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವವರ ಜುಲೈ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ. ನನಗೆ ಮುಕ್ಕಾಲು ಗಂಟೆ ಕೊಟ್ಟಿದ್ದಾರೆ. ಚೀಟಿಯಲ್ಲಿ ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಹೋದ ಸಲ ಮೂರನೆಯದು ಮುಗಿಯುವಷ್ಟರಲ್ಲಿ ಊಟದ ಘಮ ಬಂದು ಅರ್ಧ ಸಭೆ ಎದ್ದುಹೋಯಿತು. ಈ ಸಲ ಅಡುಗೆಮನೆ ಕಡೆ ಬಾಗಿಲು ಹಾಕಿಸಿದ್ದೇನೆ.

ಕುಂಡದಲ್ಲಿ ಟೋಪಿಯರಿ, ಅಂದರೆ ಕತ್ತರಿಸಿ ಆಕಾರ ಕೊಟ್ಟ ಗಿಡ, ಬೆಳೆಸೋದರ ಬಗ್ಗೆ ಮಾತಾಡಿ ಅಂದರು. ಮನೆಯಲ್ಲಿ ಮೊಮ್ಮಗ ಕೇಳಿದ, "ತಾತ, ಟೋಪಿಯರಿ ಅಂದ್ರೆ ಟೋಪಿ ಹಾಕೋದಾ?" ಎಷ್ಟೋ ಸಲ ಹಾಗೇ ಕಣೋ ಅಂದೆ. ನಮ್ಮ ಬಳಗದ ಒಬ್ಬರು ಮಗಳ ಗೃಹಪ್ರವೇಶಕ್ಕೆ ಎರಡು ದೊಡ್ಡ ಫೈಕಸ್ ಗಿಡ ತಂದರು. ಉದ್ದ ಕಾಂಡ, ಮೇಲೆ ರಾಗಿಮುದ್ದೆ ಥರ ದುಂಡನೆ ತಲೆ. ಬಾಗಿಲಿನ ಆಚೆ ಒಂದು, ಈಚೆ ಒಂದು. ಪೂಜೆ ದಿನ ಎಲ್ಲರೂ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಒಂದೂವರೆ ತಿಂಗಳಲ್ಲಿ ಎಲೆ ಪೂರ್ತಿ ಉದುರಿ ಎರಡು ಪೊರಕೆ ಉಳಿದವು. ಅವರ ಹೆಸರು ಹೇಳೋದಿಲ್ಲ. ಎರಡನೇ ಸಾಲಿನಲ್ಲಿ ನಗ್ತಾ ಕೂತಿದ್ದಾರೆ.

ಆ ಗಿಡ ಯಾಕೆ ಹೋಯಿತು? ಅದು ಬಯಲಲ್ಲಿ, ತುಂಬು ಬಿಸಿಲಲ್ಲಿ ಬೆಳೆದದ್ದು. ಅಗೆದು, ಬೇರು ಕತ್ತರಿಸಿ, ಕುಂಡಕ್ಕೆ ಒತ್ತಿ, ಲಾರಿಯಲ್ಲಿ ತಂದಿದ್ದಾರೆ. ನಾವು ತಂದು ಪೋರ್ಟಿಕೋ ನೆರಳಿಗೆ ಇಟ್ಟಿದ್ದೇವೆ. ಫೈಕಸ್‌ಗೆ ಜಾಗ ಬದಲಾದರೆ ಎಲೆ ಉದುರಿಸುವ ಅಭ್ಯಾಸ ಮೊದಲೇ ಇದೆ. ಎಲೆ ಉದುರಿತಲ್ಲ ಅಂತ ಗಾಬರಿಯಾಗಿ ನಾವು ದಿನಾ ಎರಡು ಹೊತ್ತು ನೀರು ಸುರಿಯುತ್ತೇವೆ. ಕುಡಿಯುವುದಕ್ಕೆ ಎಲೆ ಇಲ್ಲದ ಗಿಡಕ್ಕೆ ಅಷ್ಟು ನೀರು ಹಾಕಿದರೆ ಬೇರು ಕೊಳೆಯದೆ ಇನ್ನೇನಾಗುತ್ತೆ? ಅದಕ್ಕೇ ನಾನು ಹೋದಲ್ಲೆಲ್ಲ ಒಂದೇ ಮಾತು ಹೇಳೋದು: ತಯಾರಾದ ಗಿಡ ತರಬೇಡಿ. ಎಳೇದು ತನ್ನಿ. ನಿಮ್ಮ ಮನೆ ಬಿಸಿಲಲ್ಲಿ ನೀವೇ ತಿದ್ದಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಗಾದೆ ಇದೆ ಅಲ್ವಾ? ಜೀವಮಾನವಿಡೀ ಮಕ್ಕಳನ್ನು ಬೈಯೋದಕ್ಕೇ ಅದನ್ನು ಬಳಸಿದ್ದೇವೆ. ಗಿಡಕ್ಕೆ ಬಳಸಿದವರು ಕಡಿಮೆ. ಈ ಗಾದೆ ಬಗ್ಗೆ ನನಗೆ ಒಂದು ತಕರಾರಿದೆ, ಆಮೇಲೆ ಹೇಳ್ತೀನಿ.

ಗಿಡವನ್ನು ಕತ್ತರಿಸಿ ಆಕಾರ ಕೊಡೋದು ರೋಮನ್ನರ ಕಾಲದ್ದು. ಕಿರಿಯ ಪ್ಲಿನಿ ಅನ್ನೋ ರೋಮನ್ ಲೇಖಕ ತನ್ನ ತೋಟದ ಬಗ್ಗೆ ಬರೆದ ಪತ್ರದಲ್ಲಿ ಬಾಕ್ಸ್ ಅನ್ನೋ ಚಿಕ್ಕ ಎಲೆಯ ಪೊದೆ ಗಿಡವನ್ನು ಪ್ರಾಣಿಗಳ ಹಾಗೆ, ಅಕ್ಷರಗಳ ಹಾಗೆ ಕತ್ತರಿಸಿದ್ದನ್ನು ವರ್ಣಿಸಿದ್ದಾನೆ. ತೋಟದ ಯಜಮಾನನ ಹೆಸರೂ ಗಿಡದಲ್ಲೇ! ನಮ್ಮಲ್ಲಿ ಬಸ್ ಸ್ಟ್ಯಾಂಡಿಗೆ ಬರೆಸ್ತಾರೆ, ಅಷ್ಟೇ ವ್ಯತ್ಯಾಸ. ಇಂಗ್ಲೆಂಡಿನ ಲೆವೆನ್ಸ್ ಹಾಲ್ ಅನ್ನೋ ಕಡೆ 1690ರ ದಶಕದಲ್ಲಿ ಶುರುವಾದ ಇಂಥ ತೋಟ ಇವತ್ತಿಗೂ ಇದೆ. ಅಷ್ಟು ದೂರ ಯಾಕೆ, ಮುಂಬೈ ಹ್ಯಾಂಗಿಂಗ್ ಗಾರ್ಡನ್‌ನಲ್ಲಿ ಪ್ರಾಣಿ ಆಕಾರದ ಗಿಡ ನೀವೆಲ್ಲ ನೋಡಿದ್ದೀರಿ.

ಆದರೆ ಆ ಬಾಕ್ಸ್ ಗಿಡವೇ ಬೇಕು ಅಂತ ಹಟ ಹಿಡಿಯಬೇಡಿ. ಯುರೋಪಿನಲ್ಲೇ ಅದಕ್ಕೆ ಕಷ್ಟ ಬಂದಿದೆ. ಒಂದು ಕಡೆ ಶಿಲೀಂಧ್ರ ರೋಗ. ಇನ್ನೊಂದು ಕಡೆ ಪೂರ್ವ ಏಷ್ಯಾದಿಂದ ಹೋದ ಒಂದು ಪತಂಗ. 2007ರಲ್ಲಿ ಜರ್ಮನಿಯಲ್ಲಿ ಕಾಣಿಸಿಕೊಂಡಿತು, ಅದರ ಹುಳು ಊರೂರಿನ ಬಾಕ್ಸ್ ಬೇಲಿ ಬೋಳಿಸಿಹಾಕಿತು. ಅವರೇ ಬೇರೆ ಗಿಡ ಹುಡುಕುತ್ತಿರುವಾಗ ನಮಗ್ಯಾಕೆ ಆ ಮೋಹ?

ನನ್ನ ಓಟು ಕಾಡುಕರಿಬೇವಿಗೆ. ನರ್ಸರಿಯಲ್ಲಿ ಮುರಾಯ ಅಂತಲೋ ಕಾಮಿನಿ ಅಂತಲೋ ಕೇಳಿ, ಕೊಡ್ತಾರೆ. ಎಲೆ ಚಿಕ್ಕದು, ಕಡು ಹಸಿರು, ವರ್ಷವಿಡೀ ಇರುತ್ತೆ. ನಿಂಬೆ, ಕಿತ್ತಳೆ, ನಮ್ಮ ಒಗ್ಗರಣೆ ಕರಿಬೇವು, ಎಲ್ಲ ಇದರ ದಾಯಾದಿಗಳು. ಹಾಗಾಗಿ ಆ ಸಂಸಾರದ ಜಂಜಾಟವೂ ಇದೆ. ಹಕ್ಕಿ ಹಿಕ್ಕೆ ಥರ ಕಾಣುವ ಒಂದು ಮರಿ ಹುಳು ಚಿಗುರು ತಿನ್ನುತ್ತೆ. ಅದು ಆಮೇಲೆ ಚಂದದ ಕಪ್ಪು ಚಿಟ್ಟೆ ಆಗುತ್ತೆ. ಸಾಯಿಸೋಕೆ ಮನಸ್ಸು ಬರದೆ ನಾನು ಅದನ್ನು ಎತ್ತಿ ಕರಿಬೇವಿನ ಗಿಡದ ಮೇಲೆ ಬಿಡ್ತೀನಿ. ನಮ್ಮ ಮನೆಯವರಿಗೆ ಇದು ಗೊತ್ತಿರಲಿಲ್ಲ. ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಈಗ ಗೊತ್ತಾಯಿತು.

ಇನ್ನು ಕತ್ತರಿ ವಿಷಯ. ಇದನ್ನು ನನಗೆ ಕಲಿಸಿದ್ದು ಪುಸ್ತಕ ಅಲ್ಲ, ಒಬ್ಬ ಕ್ಷೌರಿಕ.

2020ರ ಲಾಕ್‌ಡೌನ್. ಅಂಗಡಿಗಳು ಮುಚ್ಚಿ ನನ್ನ ತಲೆ ಜಾಲಿ ಪೊದೆ ಆಗಿತ್ತು. ನಮ್ಮ ಬೀದಿಯ ಕಟಿಂಗ್ ಅಂಗಡಿಯವರಿಗೆ ಸ್ವಲ್ಪ ಸಡಿಲ ಕೊಟ್ಟ ಮೇಲೆ ಫೋನ್ ಮಾಡಿದೆ. ಮನೆಯೊಳಗೆ ಬೇಡ ಅಂದಳು ನನ್ನ ಹೆಂಡತಿ. ತಾರಸಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಅವನು ಮಾಸ್ಕ್ ಹಾಕಿಕೊಂಡು ಬಂದ. ಅವನೋ ಮಾತುಗಾರ, ಮಾಸ್ಕ್ ಒಳಗಿಂದಲೂ ಮಾತು ನಿಲ್ಲಲಿಲ್ಲ. ಕತ್ತರಿಸ್ತಾ ಕತ್ತರಿಸ್ತಾ ಇದ್ದಕ್ಕಿದ್ದ ಹಾಗೆ ಕೈ ನಿಂತಿತು.

"ಸಾರ್, ಈ ಗಿಡಕ್ಕೆ ಯಾರು ಕಟಿಂಗ್ ಮಾಡಿದ್ದು?"

ನಾನೇ ಅಂದೆ, ಸ್ವಲ್ಪ ಹೆಮ್ಮೆಯಿಂದ.

"ಒಂದು ಕಡೆ ಬೋಳು, ಒಂದು ಕಡೆ ಜುಟ್ಟು. ನಿಂತ ಕಡೆಯಿಂದಲೇ ಕತ್ತರಿಸಿದ್ದೀರ. ನಾವಾದ್ರೆ ಕುರ್ಚಿ ತಿರುಗಿಸ್ತೀವಿ ಸಾರ್. ಯಾಕೆ ತಿರುಗಿಸ್ತೀವಿ ಅಂದ್ಕೊಂಡಿದ್ರಿ?"

ನಲವತ್ತು ವರ್ಷ ಆ ಕುರ್ಚಿಯಲ್ಲಿ ತಿರುಗಿದ್ದೇನೆ. ಯಾಕೆ ಅಂತ ಯೋಚಿಸಿರಲಿಲ್ಲ! ನನ್ನ ಅರ್ಧ ತಲೆ ಹಾಗೇ ಬಿಟ್ಟು ಅವನು ಗಿಡದ ಹತ್ತಿರ ಹೋದ. ಮೊದಲು ಎರಡೂ ಕೈಯಲ್ಲಿ ಕೊಂಬೆಗಳನ್ನು ಮೇಲಕ್ಕೆ ಸವರಿ ಒದರಿದ. "ಮೊದ್ಲು ಬಾಚಬೇಕು ಸಾರ್, ಒಳಗೆ ಮಲಗಿರೋದು ಎದ್ದು ನಿಲ್ಲುತ್ತೆ." ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಕಡ್ಡಿ ಕತ್ತರಿಸಿದ. ಕುಂಡ ಕಾಲು ಸುತ್ತು ತಿರುಗಿಸಿದ. ಮತ್ತೆ ಹಿಂದೆ ಸರಿದ. "ತೆಗೆದಿದ್ದನ್ನ ಮತ್ತೆ ಅಂಟಿಸೋಕಾಗಲ್ಲ. ಸ್ವಲ್ಪ ಸ್ವಲ್ಪ ತೆಗೀಬೇಕು. ಸುಳಿ ನೋಡ್ಕೊಂಡು ಕತ್ತರಿ ಆಡಿಸ್ಬೇಕು."

ಅವನು ಹೇಳಿದ್ದು ತಲೆಯ ಸುಳಿ. ಕೂದಲು ಯಾವ ಕಡೆ ತಿರುಗಿದೆ ಅಂತ ನೋಡೋದು. ನನಗೆ ಹೊಳೆದದ್ದು ಗಿಡದ ಸುಳಿ. ಬಾಳೆ ಸುಳಿ, ತೆಂಗಿನ ಸುಳಿ ಅಂತೀವಲ್ಲ, ಅದು. ಟೋಪಿಯರಿಯ ಗುಟ್ಟೆಲ್ಲ ಅಲ್ಲೇ ಇರೋದು. ಕೊಂಬೆಯ ತುದಿ ಆಕ್ಸಿನ್ ಅನ್ನುವ ಹಾರ್ಮೋನು ತಯಾರಿಸಿ ಕೆಳಕ್ಕೆ ಕಳಿಸ್ತಾ ಇರುತ್ತೆ. ಅದು ಇಳಿಯುತ್ತಿರುವವರೆಗೆ ಕೆಳಗಿನ ಗೆಣ್ಣಿನ ಮೊಗ್ಗುಗಳು ಮಲಗಿರುತ್ತವೆ. ಮನೆಯಲ್ಲಿ ಅತ್ತೆ ಮಾತಾಡುವವರೆಗೆ ಸೊಸೆ ಸುಮ್ಮನಿರೋ ಹಾಗೆ. ಈಗ ಹಾಗಿಲ್ಲ ಅಂತೀರಾ? ಸರಿ, ಹಿಂದೆ ಹಾಗಿತ್ತು. ತುದಿ ಚಿವುಟಿದಿರೋ, ಕೆಳಗಿನ ಎರಡು ಮೂರು ಮೊಗ್ಗು ಒಟ್ಟಿಗೆ ಏಳುತ್ತವೆ. ಅವು ಎರಡಿಂಚು ಬೆಳೆದ ಮೇಲೆ ಅವುಗಳ ತುದಿ ಚಿವುಟಿ. ಹೀಗೇ ಗಿಡ ಒತ್ತಾಗುತ್ತೆ. ಅದಕ್ಕೇ ಎಳೇದು ತನ್ನಿ ಅನ್ನೋದು. ಗೇಣುದ್ದದ ಗಿಡದಲ್ಲಿ ಉಗುರಿನಲ್ಲೇ ಚಿವುಟಬಹುದು, ಕತ್ತರಿಯೂ ಬೇಡ.

ಕ್ಷೌರಿಕನ ಪಾಠ ಒಂದು ಕಡೆ ಮಾತ್ರ ನಡೆಯಲ್ಲ. ತಲೆಗೂದಲಿಗೆ ಬಿಸಿಲು ಬೇಡ, ಎಲೆಗೆ ಬೇಕು. ಮೇಲೆ ಅಗಲ, ಕೆಳಗೆ ಸಣ್ಣ ಮಾಡಿದರೆ ಕೆಳಗಿನ ಎಲೆ ನೆರಳಿಗೆ ಬಿದ್ದು ಒಣಗುತ್ತೆ. ಗೋಪುರ ಮಾಡಿದರೂ ಬೇಲಿ ಮಾಡಿದರೂ ಬುಡ ಒಂದಿಷ್ಟು ಅಗಲ ಇರಲಿ. ಏಪ್ರಿಲ್ ಮಧ್ಯಾಹ್ನ ಕತ್ತರಿಸಬೇಡಿ. ಇಷ್ಟು ದಿನ ಒಳಗೆ ತಂಪಾಗಿದ್ದ ಎಲೆ ಬಿಸಿಲಿಗೆ ಸುಟ್ಟುಹೋಗುತ್ತೆ. ಮೋಡ ಮುಚ್ಚಿದ ದಿನ ನೋಡಿ. ಇನ್ನೊಂದು, ಸದಾ ಕತ್ತರಿಸ್ತಾ ಇದ್ದರೆ ಹೂವು ಸಿಗಲ್ಲ. ಮುಂಗಾರಿಗೆ ಮುಂಚೆ ಸ್ವಲ್ಪ ದಿನ ಕತ್ತರಿ ಎತ್ತಿಡಿ. ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ತಾರಸಿಗೆ ಹೋದರೆ ಇಡೀ ಮುದ್ದೆ ಬಿಳಿ ಹೂವಾಗಿರುತ್ತೆ, ಮೆಟ್ಟಿಲವರೆಗೂ ಘಮ.

ಈಗ ಗಾದೆಯ ತಕರಾರು. ತುಂಬಾ ವರ್ಷದ ಹಿಂದೆ ನಾನೂ ಥೂಜಾ ಅನ್ನೋ ಅಲಂಕಾರದ ಗಿಡ ಒಂದು ತಂದಿದ್ದೆ. ಮೂರು ವರ್ಷ ಕತ್ತರಿಸದೆ ಬಿಟ್ಟು, ಒಂದು ಭಾನುವಾರ ಶೂರನ ಹಾಗೆ ಒಳಗಿನ ಕಂದು ಕಡ್ಡಿ ಕಾಣುವವರೆಗೆ ಕತ್ತರಿಸಿದೆ. ಅದು ಮತ್ತೆ ಚಿಗುರಲೇ ಇಲ್ಲ. ಥೂಜಾದ ಹಳೇ ಮರದಲ್ಲಿ ಚಿಗುರೋ ಮೊಗ್ಗು ಉಳಿದಿರೋದಿಲ್ಲ. ಅದರ ಮಟ್ಟಿಗೆ ಗಾದೆ ನಿಜ. ಕಾಡುಕರಿಬೇವು, ಫೈಕಸ್ ಹಾಗಲ್ಲ. ಮೊಣಕಾಲೆತ್ತರಕ್ಕೆ ಕತ್ತರಿಸಿದರೂ ಹಳೇ ಕಾಂಡದಿಂದ ಚಿಗುರುತ್ತವೆ. ಮರವಾದ ಮೇಲೂ ಬಗ್ಗುವ ಜಾತಿ ಇದೆ ಅಂತ ಆಯ್ತು. ಎರಡನೇ ಸಾಲಿನವರೇ, ನಿಮ್ಮ ಫೈಕಸ್ ಪೊರಕೆಗಳನ್ನು ಎಸೆದಿಲ್ಲ ತಾನೇ? ಉಗುರಿನಲ್ಲಿ ಸಿಪ್ಪೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಇನ್ನೂ ಎರಡನೇ ವಿಷಯದಲ್ಲೇ ಇದ್ದೀನಿ!

ಬೇಗ ಹೇಳ್ತೀನಿ. ಕುಂಡದ ಗಿಡ ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿದ ಹಸು. ತಾನಾಗಿ ಮೇಯಲು ಹೋಗಲ್ಲ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ತಿಂಗಳಿಗೊಮ್ಮೆ ಒಂದು ಹಿಡಿ ಗೊಬ್ಬರ. ಯೂರಿಯಾ ಬೇಡ. ಹಾಕಿದರೆ ಗೆಣ್ಣು ಗೆಣ್ಣಿನ ಮಧ್ಯೆ ಅಂತರ ಜಾಸ್ತಿಯಾಗಿ ಮುದ್ದೆ ಸಡಿಲ ಆಗುತ್ತೆ. ಬೆರಳು ಒಂದು ಗೆಣ್ಣು ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ನೀರು. ಪಡುವಣ ಬಿಸಿಲು ಬೀಳುವ ಕಪ್ಪು ಕುಂಡಕ್ಕೆ ಬೇಸಿಗೆಯಲ್ಲಿ ಒದ್ದೆ ಗೋಣಿಚೀಲ ಸುತ್ತಿ.

ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಗೊಬ್ಬರ ಸಾಲದು ಅಂದ್ಕೋಬೇಡಿ. ನಿಮ್ಮ ಬೋರ್‌ವೆಲ್ ನೀರು ನೋಡಿ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾಗುತ್ತೆ. ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗಲ್ಲ. ಈಗ ಮಳೆಗಾಲ, ಎರಡು ಡ್ರಮ್ ಮಳೆನೀರು ಹಿಡಿದಿಡಿ. ಗೊಬ್ಬರದಂಗಡಿಯಲ್ಲಿ ಚಿಲೇಟೆಡ್ ಕಬ್ಬಿಣ, ಅಂದರೆ ಬೇರು ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ, ಸಿಗುತ್ತೆ. ಬಿಳಿ ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕರಗೋಕೆ ಎರಡು ಹನಿ ಸೋಪು, ಸಂಜೆ ಹೊತ್ತು. ಅದು ನಾಲ್ಕನೆಯದು, ಮುಗೀತು.

ಐದನೆಯದು ಬೇರು. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ 14ನೇ ಲೂಯಿ ದೊರೆಯ ಕಿತ್ತಳೆ ಗಿಡಗಳಿದ್ದದ್ದು ಚೌಕದ ಮರದ ಪೆಟ್ಟಿಗೆಯಲ್ಲಿ. ಚಳಿಗಾಲಕ್ಕೆ ಒಳಗೆ ಸಾಗಿಸೋಕೆ. ಆ ಪೆಟ್ಟಿಗೆಯ ಪಕ್ಕದ ಹಲಗೆಗಳನ್ನು ಬಿಚ್ಚಬಹುದು, ಬೇರು ನೋಡೋದಕ್ಕೆ! ನಾವು ವರ್ಷವಿಡೀ ತಲೆ ಮಾತ್ರ ನೋಡ್ತೀವಿ. ಎರಡು ವರ್ಷಕ್ಕೊಮ್ಮೆ, ಇದೇ ಜೂನ್ ಜುಲೈಯಲ್ಲಿ, ಗಿಡ ಹೊರಗೆ ತೆಗೆಯಿರಿ. ಸುತ್ತಿಕೊಂಡ ಬೇರನ್ನು ಸುತ್ತಲೂ ಒಂದಿಂಚು ಕತ್ತರಿಸಿ, ಹೊಸ ಮಣ್ಣು ತುಂಬಿ, ಎರಡು ವಾರ ನೆರಳಲ್ಲಿಡಿ.

ಬಾಯಲ್ಲಿ ಹೇಳೋದಕ್ಕಿಂತ ತೋರಿಸೋದೇ ಸುಲಭ. ನನ್ನ ಆ ಕ್ಷೌರಿಕನ ಗಿಡವನ್ನೇ ತಂದಿದ್ದೇನೆ. ಹನ್ನೆರಡಿಂಚಿನ ಕುಂಡ. ಯಾರಾದರೂ ಬಂದು ಬುಡ ಹಿಡ್ಕೊಳ್ಳಿ. ಬನ್ನಿ, ಎರಡನೇ ಸಾಲಿನವರೇ ಬನ್ನಿ. ಕಾಂಡ ಎಳೀಬೇಡಿ, ಕುಂಡದ ಅಂಚನ್ನು ಮೇಜಿಗೆ ಮೆಲ್ಲಗೆ ಕುಟ್ಟಿ. ಹಾಂ, ಸಡಿಲ ಆಯ್ತು. ನೋಡಿ, ಶ್ಯಾವಿಗೆ ಒತ್ತಿದ ಹಾಗೆ ಸುತ್ತಿಕೊಂಡಿದೆ. ಬಿಳೀ ತುದಿ ಕಾಣ್ತಾ ಇದೆಯಲ್ಲ, ಅದು ಜೀವ ಇರೋ ಬೇರು. ಹಿಂದಿನವರು ಹತ್ತಿರ ಬನ್ನಿ. ಆ ಹಳೇ ಗರಗಸದ ಚಾಕು ಕೊಡಿ ಇಲ್ಲಿ. ಯಾರಪ್ಪಾ ಬಾಗಿಲು ತೆಗೆದದ್ದು? ಬಿಸಿಬೇಳೆ ಬಾತ್ ಬಂತಾ? ಸರಿ, ಹಾಗಾದ್ರೆ ಮೊದಲು ಆ ಫ್ಯಾನ್ ಆರಿಸಿ. ಮಣ್ಣೆಲ್ಲ ಪಾತ್ರೆಗೆ ಹಾರುತ್ತೆ.