ಪಾಮೇರಿಯನ್ ಮೈ ಬೋಳಿಸಬೇಡಿ: ವಿಜಯಪುರದ ಬಿಸಿಲಲ್ಲಿ ಪುಟ್ಟ ನಾಯಿ ಸಾಕುವ ಬಗೆ

(ದೃಶ್ಯ: ಗೋಳಗುಮ್ಮಟದ ಹೊರಗಿನ ರಸ್ತೆ, ಏಪ್ರಿಲ್ ಮಧ್ಯಾಹ್ನ. ಜನ ಕಡಿಮೆ. ಕಬ್ಬಿನ ಹಾಲಿನ ಅಂಗಡಿಯ ನೆರಳಲ್ಲಿ ಮಾತ್ರ ನಾಲ್ಕು ಮಂದಿ.)

ನಮಸ್ಕಾರ. ಮಾರ್ಚ್ ಬಂತು ಅಂದರೆ ವಿಜಯಪುರ, ಬಾಗಲಕೋಟೆ ಕಡೆಯ ನಾಯಿ ಸಾಕಿದವರದ್ದು ಒಂದೇ ಪ್ರಶ್ನೆ. "ಅಣ್ಣಾ, ಬಿಸಿಲು ಶುರುವಾಯ್ತು. ನಮ್ಮ ಪಾಮ್ ಮೈ ಪೂರ್ತಿ ಬೋಳಿಸಿಬಿಡಲಾ?"

ಬೇಡ.

ಉತ್ತರ ಇಷ್ಟೇ. ವಿಡಿಯೋ ಇಲ್ಲೇ ನಿಲ್ಲಿಸಿದರೂ ನನಗೆ ಬೇಜಾರಿಲ್ಲ. ಬೋಳಿಸದೆ ಬೇರೆ ಏನು ಮಾಡಬೇಕು ಅನ್ನುವವರು ಮಾತ್ರ ಸ್ವಲ್ಪ ಕೂತು ನೋಡಿ.

(ದೃಶ್ಯ: ಬೆರಳಿನಿಂದ ನಾಯಿಯ ಕೂದಲು ಬಿಡಿಸಿ ಒಳಪದರ ತೋರಿಸುವುದು, ಹತ್ತಿರದಿಂದ.)

ಪಾಮೇರಿಯನ್ ಮೈಮೇಲೆ ಎರಡು ಪದರ ಕೂದಲು ಇರುತ್ತದೆ. ಮೇಲಿನದು ಉದ್ದ, ಒರಟು. ಒಳಗಿನದು ಗಿಡ್ಡ, ಮೆತ್ತಗೆ, ಒತ್ತೊತ್ತು. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ಇವೆಯಲ್ಲ, ಹೊರಗೆ ಎಷ್ಟೇ ಬಿಸಿಲಿದ್ದರೂ ಪಡಸಾಲೆಯಲ್ಲಿ ಆರಾಮಾಗಿ ಮಲಗಬಹುದು. ಆ ದಪ್ಪ ಮಣ್ಣು ಮಾಡುವ ಕೆಲಸವನ್ನೇ ಈ ಕೂದಲು ಮಾಡುತ್ತದೆ. ಬಿಸಿಲು ನೇರವಾಗಿ ಚರ್ಮಕ್ಕೆ ತಾಗುವುದಿಲ್ಲ. ಬೋಳಿಸಿದರೆ ಆ ತೆಳು ಚರ್ಮ ಸುಡುತ್ತದೆ.

ಇನ್ನೊಂದು ತೊಂದರೆ ಇದೆ. ಚರ್ಮದವರೆಗೆ ಮಷಿನ್ ಹಾಕಿಸಿದ ಮೇಲೆ ಕೆಲವು ಪಾಮ್‌ಗಳಿಗೆ ಕೂದಲು ಮೊದಲಿನ ಹಾಗೆ ಬರುವುದೇ ಇಲ್ಲ. ತಿಂಗಳುಗಟ್ಟಲೆ ಕಾಯಬೇಕು. ಬಂದರೂ ಒಂದು ಕಡೆ ದಟ್ಟ, ಒಂದು ಕಡೆ ಬೋಳು. ಸಾಲದ್ದಕ್ಕೆ ಈ ಜಾತಿಗೆ ಕೂದಲು ಉದುರಿ ಚರ್ಮ ಕಪ್ಪಾಗುವ ಒಂದು ಕಾಯಿಲೆಯೂ ಬರುತ್ತದೆ. ಡಾಕ್ಟರು ಅದನ್ನು ಅಲೋಪೇಶಿಯಾ ಎಕ್ಸ್ ಅನ್ನುತ್ತಾರೆ. ಹಾಗಾಗಿ ಈ ಕೂದಲಿನ ಜೊತೆ ಸುಮ್ನೆ ಆಟ ಬೇಡ. ಪಾದದ ಅಡಿ, ಹಿಂಭಾಗ, ಇಲ್ಲಿ ಕೊಳೆ ನಿಲ್ಲದಂತೆ ಕತ್ತರಿಯಿಂದ ಸ್ವಲ್ಪ ಕತ್ತರಿಸಿದರೆ ಸಾಕು.

ಹಾಗಂತ ಕೂದಲೇ ನಾಯಿಯನ್ನು ತಂಪು ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಉಳಿದ ಬಿಸಿಯನ್ನೆಲ್ಲ ನಾಲಿಗೆ ಚಾಚಿ ತೇಕಿಯೇ ಹೊರಹಾಕಬೇಕು. ಅದಕ್ಕೆ ಬೇಕಾಗಿರುವುದು ನೆರಳು, ಗಾಳಿ, ನೀರು. ಜೊತೆಗೆ ಬಾಚಣಿಗೆ. ಉದುರಿದ ಒಳಕೂದಲು ಅಲ್ಲೇ ಸಿಕ್ಕಿಕೊಂಡು ಗಂಟಾದರೆ ಚರ್ಮಕ್ಕೆ ಗಾಳಿಯೇ ಆಡುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಬುಡದಿಂದ ಬಾಚಿ. ಬೇಸಿಗೆಯಲ್ಲಿ ದಿನಾ ಬಾಚಿದರೆ ಇನ್ನೂ ಒಳ್ಳೆಯದು. ಕಿವಿಯ ಹಿಂದೆ, ಕಂಕುಳಲ್ಲಿ, ಹಿಂಗಾಲಿನ ತೊಡೆಯಲ್ಲಿ ಗಂಟು ಜಾಸ್ತಿ. ಒಣ ಕೂದಲು ಬಾಚಿದರೆ ತುಂಡಾಗುತ್ತದೆ, ನೀರು ಚಿಮುಕಿಸಿಕೊಂಡು ಬಾಚಿ.

(ತೆರೆಯ ಮೇಲೆ: ನಿಮ್ಮ ಮನೆಯಲ್ಲಿರುವುದು ಪಾಮೇರಿಯನ್ನೇ ಹೌದಾ?)

ಈಗ ಕೆಲವರಿಗೆ ಸಿಟ್ಟು ಬರುವ ಮಾತು. ನೀವು ಪಾಮೇರಿಯನ್ ಅಂತ ಸಾಕಿರುವುದು ಇಂಡಿಯನ್ ಸ್ಪಿಟ್ಜ್ ಇರಬಹುದು. 1980, 90ರ ದಶಕದಲ್ಲಿ ನಮ್ಮ ಊರುಗಳಲ್ಲಿ ಮನೆ ಮುಂದೆ ಬೊಗಳುತ್ತಿದ್ದ ಬಿಳಿ ಕೂದಲಿನ ನಾಯಿಗಳಲ್ಲಿ ಹೆಚ್ಚಿನವು ಸ್ಪಿಟ್ಜ್. ಎಲ್ಲರೂ ಕರೆದದ್ದು ಪಾಮೇರಿಯನ್ ಅಂತ. ಅಸಲಿ ಪಾಮ್ ತೂಗುವುದು ಸುಮಾರು 2ರಿಂದ 3.5 ಕೆಜಿ. ಮೂತಿ ಗಿಡ್ಡ, ಕಿವಿ ಪುಟ್ಟದು, ಕೂದಲು ಉಬ್ಬಿ ನಿಂತಿರುತ್ತದೆ. ಸ್ಪಿಟ್ಜ್‌ಗೆ ಮೂತಿ ಉದ್ದ, ಕಿವಿ ದೊಡ್ಡದು, ತೂಕ 5 ಕೆಜಿ ಮೇಲೆ. ಅಂಗಡಿಯವರು ಈಗ ಅಸಲಿಯನ್ನು ಕಲ್ಚರ್ ಪಾಮ್, ಟಾಯ್ ಪಾಮ್ ಅಂತ ಮಾರುತ್ತಾರೆ.

ಸ್ಪಿಟ್ಜ್ ಇದ್ದರೆ ಅವಮಾನ ಏನಿಲ್ಲ. ನನ್ನ ಕೇಳಿದರೆ ವಿಜಯಪುರಕ್ಕೆ ಅದೇ ಲೇಸು. ಎಷ್ಟೋ ತಲೆಮಾರಿನಿಂದ ನಮ್ಮ ಹವೆಗೆ ಹೊಂದಿಕೊಂಡಿದೆ. ಅಸಲಿ ಪಾಮ್‌ನ ಮೂಲ ಬಾಲ್ಟಿಕ್ ಸಮುದ್ರದ ದಂಡೆಯ ಪೊಮೆರೇನಿಯಾ, ಇವತ್ತಿನ ಪೋಲೆಂಡ್ ಮತ್ತು ಜರ್ಮನಿಯ ಭಾಗ. ಅಲ್ಲಿನ ನಾಯಿಗಳು ಈಗಿನದಕ್ಕಿಂತ ಎಷ್ಟೋ ದೊಡ್ಡವು. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸ್‌ನಿಂದ ಮಾರ್ಕೋ ಅನ್ನುವ ಸಣ್ಣ ಪಾಮ್ ತಂದಳು. ಆಮೇಲೆ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಸಣ್ಣದೇ ಬೇಕಾಯಿತು. ತಳಿ ಮಾಡುವವರು ಕುಗ್ಗಿಸುತ್ತಾ ಹೋದರು. ಎಷ್ಟು ಸಣ್ಣದು ಅಂದರೆ, 1912ರಲ್ಲಿ ಟೈಟಾನಿಕ್ ಮುಳುಗಿದಾಗ ಬದುಕಿದ ಮೂರು ನಾಯಿಗಳಲ್ಲಿ ಎರಡು ಪಾಮ್. ತೊಡೆಯ ಮೇಲೆ ಇಟ್ಟುಕೊಂಡು ದೋಣಿ ಹತ್ತಬಹುದಿತ್ತಲ್ಲ!

"ಹಂಗಾರೆ ನಮ್ಮ ಮುಧೋಳ ನಾಯಿನೇ ಸಾಕಬಹುದಲ್ರಿ" ಅಂತ ಬಾಗಲಕೋಟೆಯವರು ಕೇಳುತ್ತಾರೆ. ಬಿಸಿಲಿಗೆ ಅದು ಗಟ್ಟಿ, ಗಿಡ್ಡ ಕೂದಲು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ. ಆದರೆ ಅದು ಓಡುವ ಜಾತಿ. ನವನಗರದ ಎರಡು ಕೋಣೆ ಮನೆಯಲ್ಲಿ ಕಟ್ಟಿಹಾಕಿ ಸಾಕುವುದಾದರೆ ಬೇಡ.

(ದೃಶ್ಯ: ಪರಸಿ ಕಲ್ಲಿನ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿದ ಪಾಮ್. ಪಕ್ಕದಲ್ಲಿ ಕೂಲರ್.)

ಬೇಸಿಗೆಯ ದಿನಚರಿಗೆ ಬರೋಣ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ವಾಕಿಂಗ್ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಸಂಜೆ ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ. ಡಾಂಬರು ಕಾದೇ ಇರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಹಚ್ಚಿ ನೋಡಿ. ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಇದಲ್ಲದೆ ಪಾಮ್‌ನ ಹೊಟ್ಟೆ ನೆಲದಿಂದ ಗೇಣುದ್ದವೂ ಮೇಲಿಲ್ಲ. ರಸ್ತೆಯ ಝಳ ನಮ್ಮ ಮೊಣಕಾಲಿಗೆ ತಾಗುವಷ್ಟರಲ್ಲಿ ಅದರ ಇಡೀ ಮೈಗೆ ತಾಗಿರುತ್ತದೆ.

ಮಧ್ಯಾಹ್ನ ಮನೆಯೊಳಗೆ, ಪರಸಿ ನೆಲದ ಮೇಲೆ. ಮೇಲಿನ ಮಾಳಿಗೆ, ತಗಡಿನ ಶೆಡ್, ಬಾಗಿಲು ಹಾಕಿದ ಕಾರು ಎಲ್ಲ ವರ್ಜ್ಯ. ಕೂಲರ್ ಇದ್ದರೆ ಕಿಟಕಿ ಸ್ವಲ್ಪ ತೆರೆದಿಡಿ. ಇಲ್ಲದಿದ್ದರೆ ಕೋಣೆಯಲ್ಲಿ ಬರೀ ತೇವ ತುಂಬುತ್ತದೆ, ತೇವದ ಗಾಳಿಯಲ್ಲಿ ತೇಕಿದರೆ ಬಿಸಿ ಹೊರಗೆ ಹೋಗುವುದಿಲ್ಲ. ಕರೆಂಟ್ ಹೋದಾಗ ನೆಲಕ್ಕೆ ಒದ್ದೆ ಗೋಣಿಚೀಲ ಹಾಸಿ, ಅದರ ಮೇಲೆ ಮಲಗಲಿ. ನೀರಿನ ಬಟ್ಟಲು ಎರಡು ಕಡೆ ಇಡಿ. ಮಣ್ಣಿನದಾದರೆ ನೀರು ತಂಪಾಗಿರುತ್ತದೆ.

(ತೆರೆಯ ಮೇಲೆ, ಕೆಂಪು ಅಕ್ಷರ: ಬಿಸಿಲು ಬಡಿದರೆ)

ನಿಲ್ಲದ ತೇಕು, ದಪ್ಪ ಜೊಲ್ಲು, ಕಡುಗೆಂಪು ಒಸಡು, ತೂರಾಡುವ ನಡಿಗೆ, ವಾಂತಿ. ಇವು ಕಂಡರೆ ಕಾಯಬೇಡಿ. ನಾಯಿಯ ಮೈಬಿಸಿ ಮಾಮೂಲಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿದ್ದ ನಾಯಿಗೆ 104 ದಾಟಿತೆಂದರೆ ಅಪಾಯ. ನೆರಳಿಗೆ ತನ್ನಿ. ನಲ್ಲಿಯ ಸಾದಾ ನೀರು ಹೊಟ್ಟೆ, ಕಂಕುಳು, ಪಾದಕ್ಕೆ ಸುರಿಯಿರಿ. ಕೂದಲು ಬಿಡಿಸಿ ನೀರು ಚರ್ಮ ಮುಟ್ಟುವಂತೆ ನೋಡಿ. ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಒಳಗೇ ಬಿಸಿ ನಿಲ್ಲುತ್ತದೆ, ಅದು ಬೇಡ. ಬಾಯಿಗೆ ಒತ್ತಿ ನೀರು ಹಾಕಬೇಡಿ. ಮೈ ತೋಯಿಸಿಕೊಂಡೇ ಆಸ್ಪತ್ರೆಗೆ ಹೊರಡಿ. ನಾಯಿ ಚೇತರಿಸಿದ ಹಾಗೆ ಕಂಡರೂ ಡಾಕ್ಟರಿಗೆ ತೋರಿಸಿ, ಒಳಗೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು.

ಬೆಳಗಾವಿಯವರೇ, ನಿಮ್ಮ ಕಥೆ ಬೇರೆ. ನಿಮಗೆ ಮೇ ತಿಂಗಳಿಗಿಂತ ಜುಲೈನದ್ದೇ ಕಾಟ. ಖಾನಾಪುರದ ಕಡೆ ಇನ್ನೂ ಜೋರು ಮಳೆ. ನೆನೆದ ಒಳಕೂದಲು ಒಣಗದೆ ಉಳಿದರೆ ವಾಸನೆ, ತುರಿಕೆ, ಫಂಗಸ್. ಮೇಲೆ ಮುಟ್ಟಿ ಒಣಗಿದೆ ಅಂದುಕೊಳ್ಳಬೇಡಿ, ಬುಡಕ್ಕೆ ಬೆರಳು ಹಾಕಿ ನೋಡಿ. ಡ್ರೈಯರ್ ಸಣ್ಣ ಬಿಸಿಯಲ್ಲಿ ಹಿಡಿದು ಪೂರ್ತಿ ಒಣಗಿಸಿ. ಸ್ನಾನ ಮೂರ್ನಾಲ್ಕು ವಾರಕ್ಕೊಮ್ಮೆ ಸಾಕು, ನಾಯಿಯ ಶಾಂಪೂನಲ್ಲೇ.

(ದೃಶ್ಯ: ಅಡುಗೆಮನೆ. ಒಂದು ತಟ್ಟೆಯಲ್ಲಿ ರೊಟ್ಟಿ, ಉಳ್ಳಾಗಡ್ಡಿ, ಒಣದ್ರಾಕ್ಷಿ, ಹುಣಸೆಹಣ್ಣು.)

ಊಟದ ವಿಷಯಕ್ಕೆ ಬಂದರೆ, ಮನೆಯ ಆಯಿಗೆ ತಿಳಿಸಿ ಹೇಳುವುದೇ ದೊಡ್ಡ ಕೆಲಸ. "ಒಂದು ತುತ್ತು ತಿಂದ್ರ ಏನಾಗತೈತಿ, ಬಿಡೋ" ಅನ್ನುತ್ತಾರೆ. ಒಂದು ಲೆಕ್ಕ ಹಾಕಿ ತೋರಿಸಿ. 3 ಕೆಜಿ ತೂಗುವ, ಮನೆಯಲ್ಲೇ ಇರುವ ನಾಯಿಗೆ ದಿನಕ್ಕೆ ಬೇಕಾಗುವುದು ಸುಮಾರು 220ರಿಂದ 250 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲೇ 170ರಷ್ಟು ಇದೆ. ಒಂದು ರೊಟ್ಟಿ ತಿಂದರೆ ದಿನದ ಊಟದ ಮುಕ್ಕಾಲು ಪಾಲು ಮುಗಿಯಿತು, ಮಾಂಸದಿಂದ ಸಿಗುವ ಪ್ರೋಟೀನ್ ಮಾತ್ರ ಸಿಗಲಿಲ್ಲ. ಸಣ್ಣ ತುಂಡು ರೊಟ್ಟಿ ಪರವಾಗಿಲ್ಲ. ಜೊತೆಗೆ ಉಪ್ಪು ಖಾರ ಇಲ್ಲದ ಬೇಯಿಸಿದ ಕೋಳಿ, ಮೊಟ್ಟೆ, ಕುಂಬಳಕಾಯಿ ಇರಲಿ. ಇಲ್ಲವೇ ಸಣ್ಣ ಜಾತಿಗೆ ಮಾಡಿದ ಡಾಗ್ ಫುಡ್ ಹಾಕಿ. ಬೇಸಿಗೆಗೆ ಸೌತೆಕಾಯಿ, ಬೀಜ ತೆಗೆದ ಕಲ್ಲಂಗಡಿ ಚೂರು ಒಳ್ಳೆಯದು.

ಈಗ ನಮ್ಮ ಜಿಲ್ಲೆಯವರು ಕಿವಿಗೊಟ್ಟು ಕೇಳಬೇಕಾದದ್ದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ತಿಕೋಟಾ ಕಡೆ ಮನೆ ಮನೆಯಲ್ಲಿ ಡಬ್ಬಿಗಟ್ಟಲೆ ಇರುತ್ತದೆ, ಮಕ್ಕಳ ಕೈಯಿಂದ ಉದುರುತ್ತದೆ. ನಾಯಿಗೆ ಕಿಡ್ನಿ ಕೆಡುತ್ತದೆ. ಎಷ್ಟು ತಿಂದರೆ ಕೆಡುತ್ತದೆ ಅನ್ನುವುದಕ್ಕೆ ಲೆಕ್ಕ ಇಲ್ಲ, ಒಂದು ನಾಯಿಗೆ ಏನೂ ಆಗದಿದ್ದಷ್ಟರಲ್ಲೇ ಇನ್ನೊಂದಕ್ಕೆ ಜೀವ ಹೋಗಬಹುದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಜಾಸ್ತಿ ಇದೆ. ಹಾಗಾಗಿ ಸಾರು ಕಲಸಿದ ಅನ್ನವೂ ಬೇಡ. ಸಾರಿನಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೇರೆ ಇರುತ್ತದೆ, ಅವು ನಾಯಿಯ ರಕ್ತ ಕೆಡಿಸುತ್ತವೆ. ಶೇಂಗಾ ಚಟ್ನಿಯಲ್ಲೂ ಬಳ್ಳೊಳ್ಳಿ ಇದೆ, ಮರೆಯಬೇಡಿ. ಚಾಕೊಲೇಟ್ ಕೂಡ ನಾಯಿಗೆ ವಿಷ. ದ್ರಾಕ್ಷಿ ತಿಂದದ್ದು ಕಂಡರೆ ವಾಂತಿ ಆಗಲಿ ನೋಡೋಣ ಅಂತ ಕೂರಬೇಡಿ. ಆಗಲೇ ಹೊರಡಿ.

ಮರಿ ಇದ್ದರೆ ಊಟ ದಿನಕ್ಕೆ ಮೂರು ನಾಲ್ಕು ಸಲ. ಇಷ್ಟು ಸಣ್ಣ ಮೈಯಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಮರಿ ಜೋಲು ಬಿದ್ದು ನಡುಗಿದರೆ ಒಸಡಿಗೆ ಜೇನುತುಪ್ಪ ಸವರಿ, ಆಸ್ಪತ್ರೆಗೆ ಓಡಿ.

(ದೃಶ್ಯ: ಕೊರಳಪಟ್ಟಿ ಬಿಚ್ಚಿ, ಎದೆಗೆ ಹಾಕುವ ಹಾರ್ನೆಸ್ ತೊಡಿಸುವುದು.)

ಕೊರಳಿಗೆ ಬೆಲ್ಟ್ ಕಟ್ಟಿ ಎಳೆಯಬೇಡಿ. ಪಾಮ್‌ನ ಉಸಿರಿನ ನಾಳ ಮೊದಲೇ ಸೂಕ್ಷ್ಮ, ಒಳಗೇ ಕುಸಿಯಬಹುದು. ಬಾತುಕೋಳಿ ಕೂಗಿದ ಹಾಗೆ ಕೆಮ್ಮು ಶುರುವಾದರೆ ಅದೇ ಇರಬಹುದು. ಎದೆಗೆ ಹಾರ್ನೆಸ್ ಹಾಕಿ. ಮಂಡಿಚಿಪ್ಪು ಜಾರುವುದೂ ಈ ಜಾತಿಯಲ್ಲಿ ಜಾಸ್ತಿ. ನುಣುಪು ಟೈಲ್ಸ್ ಮೇಲೆ, ಸೋಫಾ ಪಕ್ಕ ಒಂದು ಚಾಪೆ ಹಾಸಿ. ಹಲ್ಲು ಬೇಗ ಕೆಡುತ್ತದೆ, ನಾಯಿಯ ಪೇಸ್ಟ್‌ನಿಂದಲೇ ಉಜ್ಜಿ.

ಉಣ್ಣಿ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಎಮ್ಮೆ ಕಟ್ಟಿದ ಮನೆಗಳಲ್ಲಿ ದನಕ್ಕೆ ಹಚ್ಚುವ ಉಣ್ಣಿ ಔಷಧಿ ಇರುತ್ತದೆ. ಅದನ್ನೇ ನೀರಿಗೆ ಹಾಕಿ ನಾಯಿಗೂ ಸವರಿಬಿಡುತ್ತಾರೆ. 400 ಕೆಜಿ ಎಮ್ಮೆ ಎಲ್ಲಿ, 3 ಕೆಜಿ ಪಾಮ್ ಎಲ್ಲಿ? ನೆಕ್ಕಿಕೊಂಡರೆ ನಡುಕ, ಫಿಟ್ಸ್ ಬರಬಹುದು. ನಾಯಿಯ ಉಣ್ಣಿ ಮಾತ್ರೆ, ಕುತ್ತಿಗೆಗೆ ಬಿಡುವ ಹನಿ ಎಲ್ಲ ತೂಕದ ಮೇಲೆ ಸಿಗುತ್ತವೆ. ದೊಡ್ಡ ನಾಯಿಯದ್ದನ್ನು ಅರ್ಧ ಮಾಡಿ ಹಾಕುವ ಲೆಕ್ಕಾಚಾರವೂ ಬೇಡ. ಕಿರಾಣಿ ತಕ್ಕಡಿಯಲ್ಲಿ ತೂಗಿ, ತೂಕ ಬರೆದಿಟ್ಟುಕೊಳ್ಳಿ. ನಮ್ಮ ಕಡೆಯ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನಕರು. ನೀವು ತೂಕ ಹೇಳಿದರೆ ಡಾಕ್ಟರಿಗೂ ಕೆಲಸ ಸಲೀಸು. ಉಣ್ಣಿ ಕಚ್ಚಿದ ಮೇಲೆ ಜ್ವರ, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು ಕಂಡರೆ ರಕ್ತ ಪರೀಕ್ಷೆ ಮಾಡಿಸಿ.

ಮರಿ ಕೊಳ್ಳುವವರಿಗೆ: 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. "ಟೀಕಪ್ ಪಾಮ್" ಅಂತ ಒಂದು ಜಾತಿಯೇ ಇಲ್ಲ, ಕುಗ್ಗಿಸಿದ್ದೋ ಎಳೆಯದೋ ಇರುತ್ತದೆ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ನಾಲ್ಕೈದು ತಿಂಗಳಿಗೆ ಮರಿಗೂದಲು ಉದುರಿ ಕೋಳಿಮರಿಗಿಂತ ಕಡೆಯಾಗಿ ಕಾಣುತ್ತದೆ. ಹೆದರಬೇಡಿ, ಮೋಸ ಹೋದೆವು ಅಂತ ಜಗಳಕ್ಕೂ ಹೋಗಬೇಡಿ. ಹೊಸ ಕೂದಲು ಬರುತ್ತದೆ.

ಸಾಧ್ಯವಾದರೆ ಮರಿಯನ್ನು ಬೇಸಿಗೆಯಲ್ಲಿ ತರಬೇಡಿ. ದೂರದ ಊರಿಂದ ಬಸ್ಸಿನಲ್ಲಿ, ಡಬ್ಬದಲ್ಲಿ ಹಾಕಿ ತರಿಸುವವರಿಗಂತೂ ಇದು ಖಂಡಿತ ಅನ್ವಯ. ನವೆಂಬರ್ ಒಳ್ಳೆಯ ತಿಂಗಳು. ದೀಪಾವಳಿ ಪಟಾಕಿ ಮುಗಿದ ಮೇಲೆ ತಂದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಮದ್ದು ಸುಡುವ ಹೊತ್ತಿಗೆ ಮನೆಗೆ ಹೊಂದಿಕೊಂಡಿರುತ್ತದೆ. ಆ ರಾತ್ರಿ ಒಳಕೋಣೆಯಲ್ಲಿ ಟಿವಿ ಹಾಕಿ, ಬಾಗಿಲಿಗೆ ಚಿಲಕ ಹಾಕಿ, ಯಾರಾದರೂ ಒಬ್ಬರು ಅದರ ಜೊತೆ ಕೂತಿರಿ.